ರಾಯರ ಬೆನ್ನುಚೀಲ

ಭಾರ ಹೊರುವ ವಿಷಯದಲ್ಲಿ ತಮಗೆ ಯಾರೂ ಪಾಠ ಹೇಳಬೇಕಾಗಿಲ್ಲವೆಂಬುದು ರಾಯರ ದೃಢವಾದ ನಂಬಿಕೆಯಾಗಿತ್ತು. ಮೂವತ್ತೆರಡು ವರ್ಷ ಬ್ಯಾಂಕಿನ ಲೆಕ್ಕಪತ್ರಗಳ ಭಾರ ಹೊತ್ತವರು. ಇಬ್ಬರು ತಂಗಿಯರ ಮದುವೆ, ಜಯನಗರದ ಮನೆಯ ಸಾಲ, ವೃದ್ಧ ತಾಯಿಯ ಆರೈಕೆ, ಎಲ್ಲಕ್ಕೂ ಹೆಗಲು ಕೊಟ್ಟವರು. ಅಂತಹವರು ಒಂದು ಬಟ್ಟೆಯ ಚೀಲವನ್ನು ಬೆನ್ನಿಗೇರಿಸಿಕೊಂಡು ಬೆಟ್ಟ ಹತ್ತಲಾರರೆ?

ಪ್ರಸಂಗ ಒದಗಿದ್ದು 2023ರಲ್ಲಿ, ರಾಯರು ನಿವೃತ್ತರಾದ ವರ್ಷ. ಮಗಳಿಗೆ ಹೊರದೇಶದಲ್ಲಿ ಓದಲು ಅವಕಾಶ ದೊರೆತಿತ್ತು. ಜನವರಿಯಲ್ಲಿ ಹೊರಡಬೇಕು. ಅದಕ್ಕೆ ಮೊದಲು ಡಿಸೆಂಬರಿನಲ್ಲಿ ಹಿಮಾಲಯದ ಕೇದಾರಕಂಠವನ್ನು ಹತ್ತಿ ಬರಬೇಕೆಂಬುದು ಅವಳ ಆಸೆ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ, ಸಾಂಕ್ರಿ ಎಂಬ ಹಳ್ಳಿಯಿಂದ ಹತ್ತಬೇಕಾದ ಶಿಖರ ಅದು. ಎತ್ತರ ಸುಮಾರು 12,500 ಅಡಿ. ದಾರಿಯಲ್ಲಿ ಹಿಮದ ನಡುವೆ ಡೇರೆಗಳಲ್ಲಿ ರಾತ್ರಿ ಕಳೆಯಬೇಕು. ತಾಯಿಗೆ ಮಂಡಿನೋವು. ಮಗಳು ತಂದೆಯ ಮುಖ ನೋಡಿ, "ನೀನಾದರೂ ಬಾರಪ್ಪ" ಎಂದಳು. ಇನ್ನು ಎರಡು ವರ್ಷ ಕಣ್ಣಿಗೆ ಕಾಣದ ಮಗಳು ಹಾಗೆ ಕರೆದರೆ ಯಾವ ತಂದೆ ಒಲ್ಲೆನೆಂದಾನು?

ಸಾಮಾನು ಹೊರಲು ಅಲ್ಲಿ ಹೇಸರಗತ್ತೆಗಳೂ ದೊರೆಯುತ್ತವೆಂದು ಅವಳು ಹೇಳಿದಾಗ ರಾಯರು ನಕ್ಕುಬಿಟ್ಟರು. "ನನ್ನ ಬಟ್ಟೆಬರೆಯನ್ನು ಕತ್ತೆಯ ಮೇಲೆ ಹೇರಿಸುವ ಕಾಲ ಇನ್ನೂ ಬಂದಿಲ್ಲ" ಎಂದರು.

ಚೀಲವನ್ನು ಕೊಳ್ಳುವುದೂ ಬೇಕಾಗಲಿಲ್ಲ. ತಂಗಿಯ ಮಗ ಚಾರಣದ ಹುಚ್ಚಿನವನು. ಅವನಲ್ಲಿ ಅರವತ್ತು ಲೀಟರಿನ ದೊಡ್ಡ ಚೀಲವೊಂದಿತ್ತು. ಅವನೂ ರಾಯರೂ ಒಂದೇ ಎತ್ತರ. "ಅವನಿಗೆ ಸರಿಹೋದದ್ದು ನನಗೂ ಸರಿಹೋದೀತು" ಎಂದು ರಾಯರು ತೀರ್ಮಾನಿಸಿದರು. ಹಿಮಾಲಯಕ್ಕೆ ಮುನ್ನ ಮೈ ಪಳಗಿಸಿಕೊಳ್ಳಲೆಂದು ನವೆಂಬರಿನ ಮೊದಲ ಭಾನುವಾರ ತಂದೆಮಗಳು ಶಿವಗಂಗೆಗೆ ಹೊರಟರು.

ಹಿಂದಿನ ರಾತ್ರಿ ಚೀಲವನ್ನು ತುಂಬಿದವರು ರಾಯರೇ. ಕಂಬಳಿ, ಬಟ್ಟೆ, ಎರಡು ದೊಡ್ಡ ಬಾಟಲಿ ನೀರು, ಅವಲಕ್ಕಿ, ಚಕ್ಕುಲಿ. ಜಾಗ ಸಿಕ್ಕಲ್ಲಿ ಸಿಕ್ಕಿದ್ದು. ಪುಳಿಯೋಗರೆಯ ಸ್ಟೀಲ್ ಡಬ್ಬಿ ಒಳಗೆ ಹಿಡಿಸದೆ ಹೊರಗೆ ಹಗ್ಗದಿಂದ ನೇತಾಡಿತು. ಮಗಳ ಪಾಲಿನ ನೀರನ್ನೂ ತಾವೇ ಇರಿಸಿಕೊಂಡರು. ತೂಗಿ ನೋಡಿದರೆ ಹನ್ನೆರಡು ಕಿಲೊ. ಚೀಲಕ್ಕೆ ಸೊಂಟದ ಬಳಿ ದಪ್ಪನೆಯ ಪಟ್ಟಿಯೊಂದಿತ್ತು. ಅದನ್ನು ಬಿಗಿದುಕೊಂಡಾಗ ತೀರ ಕೆಳಕ್ಕೆ ಇಳಿದು ಹೆಜ್ಜೆಹೆಜ್ಜೆಗೂ ತೊಡರಿತು. ಇದು ಅಲಂಕಾರಕ್ಕಾಗಿ ಇರಬೇಕೆಂದು ರಾಯರು ಅದನ್ನು ಹಿಂದಕ್ಕೆ ತಿರುಗಿಸಿ ಕಟ್ಟಿಬಿಟ್ಟರು. ಇಡೀ ಭಾರ ಎರಡು ಹೆಗಲುಗಳ ಮೇಲೆ ಕುಳಿತಿತು.

ಮೊದಲ ನೂರು ಮೆಟ್ಟಿಲು ಸುಖವಾಗಿಯೇ ಕಳೆದವು. ಆಮೇಲೆ ಚೀಲ ಹಿಂದಕ್ಕೆ ಎಳೆಯತೊಡಗಿತು. ರಾಯರು ಮುಂದಕ್ಕೆ ಬಾಗಿದರು. ಬಾಗಿದಷ್ಟೂ ಪಟ್ಟಿಗಳು ಹೆಗಲನ್ನು ಕೊರೆದವು. ಹೆಬ್ಬೆರಳುಗಳನ್ನು ಪಟ್ಟಿಯ ಕೆಳಗೆ ತೂರಿಸಿ ಎತ್ತಿ ಹಿಡಿದುಕೊಂಡರು. ಮಗಳು ಹಿಂತಿರುಗಿ ನೋಡಿದಾಗಲೆಲ್ಲ ಕೈ ಕೆಳಗಿಳಿಸಿ ಮಂದಹಾಸ ಬೀರಿದರು.

ಶಿವಗಂಗೆಯ ನಡುಬೆಟ್ಟದಲ್ಲಿ ಒಳಕಲ್ಲು ತೀರ್ಥವಿರುವುದನ್ನು ಅಲ್ಲಿಗೆ ಹೋದವರೆಲ್ಲ ಬಲ್ಲರು. ಬಂಡೆಯಲ್ಲಿರುವ ಕುಳಿಯೊಳಗೆ ಕೈ ಇಳಿಸಿದರೆ ಅದೃಷ್ಟವಂತರಿಗೆ ನೀರು ಸಿಗುತ್ತದೆಂದು ಪ್ರತೀತಿ. ಮಗಳು ಕೈ ಹಾಕಿ, "ಸಿಕ್ಕಿತು!" ಎಂದು ಹಿಗ್ಗಿದಳು. ರಾಯರು ಬಲಗೈಯನ್ನು ಇಳಿಸಿದರು. ಬೆರಳುಗಳು ಜೋಮು ಹಿಡಿದಿದ್ದವು. ನೀರು ತಗುಲಿತೋ ಕಲ್ಲು ತಗುಲಿತೋ ಅವರಿಗೆ ತಿಳಿಯಲೇ ಇಲ್ಲ.

"ಸಿಕ್ಕಿತೇನಪ್ಪ?"

"ಸಿಕ್ಕಿತು" ಎಂದರು ರಾಯರು.

ಕೈಯನ್ನು ಹೊರತೆಗೆದಾಗ ಅದು ಒಣಗಿತ್ತು. ಮಗಳು ಅದನ್ನು ನೋಡಿದಳು, ಏನೂ ಹೇಳಲಿಲ್ಲ. ಹೊರಗೆ ಬಂದು ಕುಳಿತ ಮೇಲೆ ರಾಯರಿಗೆ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಲಾಗಲಿಲ್ಲ. ಅವಳು ಮೆಲ್ಲನೆ ಬಾಟಲಿಯನ್ನು ತೆಗೆದುಕೊಂಡಳು. ತಂದೆಯ ಚೀಲವನ್ನು ತಾನು ಹೊತ್ತು ಬೆಟ್ಟವಿಳಿದಳು. ಆ ದಿನ ಶಿಖರ ಮುಟ್ಟಲಿಲ್ಲ. ಮನೆಗೆ ಮರಳುವ ದಾರಿಯಲ್ಲಿ, "ಟಿಕೆಟ್ ರದ್ದು ಮಾಡಿಬಿಡೋಣ ಅಪ್ಪ. ಇನ್ನೊಮ್ಮೆ ಯಾವಾಗಲಾದರೂ ಹೋಗೋಣ" ಎಂದಳು. ಇನ್ನೊಮ್ಮೆ ಎಂಬುದು ಎಷ್ಟು ದೂರದ ಮಾತೆಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ವೈದ್ಯರು ಕೈಯನ್ನು ಪರೀಕ್ಷಿಸಿ ಧೈರ್ಯ ಹೇಳಿದರು. ಕತ್ತಿನಿಂದ ಹೊರಟು ಹೆಗಲನ್ನು ಹಾಯ್ದು ಕೈಗಿಳಿಯುವ ನರಗಳ ಮೇಲೆ ಪಟ್ಟಿ ಒತ್ತಿದರೆ ಹೀಗಾಗುವುದುಂಟು. ಭಾರದ ಚೀಲ ಹೊತ್ತು ನಡೆಯುವ ಸೈನಿಕರಲ್ಲಿ ಇದು ವೈದ್ಯರಿಗೆ ಪರಿಚಿತವಾದ ತೊಂದರೆ. ಬೇಗ ಬಿಟ್ಟರೆ ಬೇಗ ವಾಸಿ; ಹಟ ಹಿಡಿದು ಹೊತ್ತರೆ ಕೈಯ ಶಕ್ತಿಯೇ ತಿಂಗಳುಗಟ್ಟಲೆ ಕುಂದಬಹುದು. "ಹೆಗಲಿರುವುದು ಚೀಲ ಬೀಳದಂತೆ ಹಿಡಿಯುವುದಕ್ಕೆ, ರಾಯರೇ. ಹೊರುವುದಕ್ಕಲ್ಲ" ಎಂದರು ವೈದ್ಯರು.

ಆ ಮಾತು ರಾಯರಿಗೆ ಒಗಟಾಗಿ ತೋರಿತು. ಹೆಗಲು ಹೊರುವುದಕ್ಕಲ್ಲವಾದರೆ ಮತ್ತಾವುದಕ್ಕೆ?

ಒಗಟನ್ನು ಬಿಡಿಸಿದವರು ಅವರ ಪತ್ನಿ. ರಾತ್ರಿ ಹೆಗಲಿನ ಕೆಂಪು ಬರೆಗಳಿಗೆ ಕೊಬ್ಬರಿ ಎಣ್ಣೆ ಸವರುತ್ತ ಆಕೆಯ ದೃಷ್ಟಿ ಮೂಲೆಯಲ್ಲಿದ್ದ ಚೀಲದ ಮೇಲೆ ಬಿತ್ತು. ಮೂವತ್ತು ವರ್ಷ ಮನೆಮಂದಿಯ ಬಟ್ಟೆ ಹೊಲಿದ ಕೈ ಆಕೆಯದು. ಯಾವ ಹೊಲಿಗೆ ಯಾವ ಉದ್ದೇಶಕ್ಕೆಂದು ಮುಟ್ಟಿದರೆ ತಿಳಿಯುವುದು.

"ಹೆಗಲ ಪಟ್ಟಿಗಿಂತ ಸೊಂಟದ ಪಟ್ಟಿಗೇ ಹೆಚ್ಚು ಸ್ಪಂಜು ತುಂಬಿ ಗಟ್ಟಿಯಾಗಿ ಹೊಲಿದಿದ್ದಾರೆ. ಅಂದಕ್ಕೆ ಯಾರಾದರೂ ಇಷ್ಟು ಕಷ್ಟಪಡುತ್ತಾರೆಯೆ? ಕೆರೆಯಿಂದ ನೀರು ತರುವಾಗ ನಮ್ಮಜ್ಜಿ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಬರುತ್ತಿದ್ದರು. ಹೆಗಲಿಗೆ ನೇತುಹಾಕಿಕೊಂಡು ಬಂದವರನ್ನು ನಾನು ಕಾಣೆ."

ಆಕೆ ಹೇಳಿದ್ದು ಅಕ್ಷರಶಃ ನಿಜ. ಹಳ್ಳಿಯ ಹೆಂಗಸರು ತಲೆತಲಾಂತರದಿಂದ ಬಲ್ಲ ಈ ಸತ್ಯ ಬೆನ್ನುಚೀಲಕ್ಕೆ ಬಂದದ್ದು ತಡವಾಗಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಡಿಕ್ ಕೆಲ್ಟಿ ಎಂಬ ಬಡಗಿ ಪರ್ವತಯಾತ್ರೆಯ ಪ್ರೇಮಿಯಾಗಿದ್ದನು. ಒಮ್ಮೆ ನಡೆಯುವಾಗ ಚೀಲದ ಚೌಕಟ್ಟಿನ ಕೆಳತುದಿಗಳನ್ನು ಷರಾಯಿಯ ಹಿಂಜೇಬಿಗೆ ಸಿಕ್ಕಿಸಿಕೊಂಡಾಗ ಹೆಗಲು ಹಗುರಾಗಿ ಭಾರ ಸೊಂಟಕ್ಕಿಳಿಯುವುದು ಕಂಡುಬಂದಿತು. 1952ರಲ್ಲಿ ಅವನು ಅಲ್ಯುಮಿನಿಯಂ ಚೌಕಟ್ಟಿನ ಚೀಲಗಳನ್ನು ಮಾರತೊಡಗಿದನು. ಚೌಕಟ್ಟು ಅವನ ಕೆಲಸ, ಚೀಲದ ಹೊಲಿಗೆ ಅವನ ಮಡದಿಯದು. ಮುಂದೆ ಸೊಂಟದ ಪಟ್ಟಿ ಬೆನ್ನುಚೀಲದ ಅವಿಭಾಜ್ಯ ಅಂಗವಾಯಿತು. 1967ರಲ್ಲಿ ಗ್ರೆಗ್ ಲೋ ಎಂಬ ಪರ್ವತಾರೋಹಿ ಚೌಕಟ್ಟನ್ನು ಚೀಲದೊಳಗೇ ಅಡಗಿಸಿದನು. ಇಂದು ಅಂಗಡಿಗಳಲ್ಲಿ ಕಾಣುವ ದೊಡ್ಡ ಚೀಲಗಳಲ್ಲಿ ಬಹುಪಾಲು ಅದೇ ಜಾತಿಯವು.

ಹಾಗಾದರೆ ರಾಯರ ಸೊಂಟಕ್ಕೆ ಆ ಪಟ್ಟಿ ಏಕೆ ಒಗ್ಗಲಿಲ್ಲ? ಕಾರಣವನ್ನು ಕಂಡುಹಿಡಿದದ್ದು ಹೊಲಿಗೆಯಂತ್ರದ ಡ್ರಾಯರಿನಲ್ಲಿದ್ದ ಅಳತೆಯ ಟೇಪು. ಹೇಗೆ ಅಳೆಯಬೇಕೆಂದು ತಂಗಿಯ ಮಗ ಫೋನಿನಲ್ಲಿ ವಿವರಿಸಿದನು. ತಲೆಯನ್ನು ಮುಂದಕ್ಕೆ ಬಾಗಿಸಿದರೆ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕಾಣುತ್ತದೆ. ಎರಡು ಕೈಗಳನ್ನೂ ಸೊಂಟದ ಮೂಳೆಯ ಮೇಲಂಚಿನಲ್ಲಿಟ್ಟು ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿದರೆ, ಅವೆರಡರ ನಡುವಿನ ಗೆರೆ ಬೆನ್ನುಮೂಳೆಯನ್ನು ಒಂದೆಡೆ ದಾಟುತ್ತದೆ. ಕತ್ತಿನ ಮೂಳೆಯಿಂದ ಆ ಗೆರೆಯವರೆಗಿನ ಉದ್ದವೇ ಚೀಲಕ್ಕೆ ಬೇಕಾದ ಅಳತೆ. ಆಳಿನ ಎತ್ತರವಲ್ಲ.

ರಾಯರ ಬೆನ್ನು 44 ಸೆಂಟಿಮೀಟರು. ಅದೇ ಎತ್ತರದ ಸೋದರಳಿಯನದು 51. ರಾಯರದು ನೀಳವಾದ ಕಾಲು, ಗಿಡ್ಡ ಬೆನ್ನು. ಅವನದು ಅದಕ್ಕೆ ವಿರುದ್ಧ. "ಮೂವತ್ತು ವರ್ಷದಿಂದ ನಿಮ್ಮ ಅಂಗಿಯ ಉದ್ದ ಕಡಿಮೆ ಮಾಡಿಸುತ್ತಲೇ ಇದ್ದೇನೆ, ನನ್ನನ್ನು ಕೇಳಿದ್ದರೆ ಹೇಳುತ್ತಿರಲಿಲ್ಲವೆ?" ಎಂದರು ಪತ್ನಿ.

ಅದೃಷ್ಟಕ್ಕೆ ಆ ಚೀಲದ ಹೆಗಲಪಟ್ಟಿಗಳ ಜೋಡಣೆಯನ್ನು ಮೇಲೆ ಕೆಳಗೆ ಸರಿಸಬಹುದಾಗಿತ್ತು. ಬೆನ್ನಿಗೆ ತಾಗುವ ಮಗ್ಗುಲಲ್ಲಿ ಅಂಟಿಕೊಂಡಿದ್ದ ಪಟ್ಟೆಯನ್ನು ಕಿತ್ತು ಕೆಳಗಿನ ಗುರುತಿಗೆ ಅಂಟಿಸಿದೊಡನೆ ಕೆಲಸ ಮುಗಿಯಿತು. ಒಂದು ಕಾಸೂ ಖರ್ಚಾಗಲಿಲ್ಲ. ಸರಿಸಲಾಗದ ಚೀಲವಾಗಿದ್ದರೆ ಅದು ಎಷ್ಟೇ ಬೆಲೆಯದಾದರೂ ಬೇರೆಯದನ್ನೇ ಹುಡುಕಬೇಕಾಗುತ್ತಿತ್ತು. ಹಾಗೆ ಕೊಳ್ಳುವವರು ಅಂಗಡಿಯಲ್ಲೇ ಎಂಟು ಹತ್ತು ಕಿಲೊ ತುಂಬಿಸಿ, ಸ್ವಲ್ಪ ಹೊತ್ತು ಅಡ್ಡಾಡಿ ನೋಡುವುದು ಜಾಣತನ. ಬರಿದಾದ ಚೀಲ ಎಲ್ಲರಿಗೂ ಒಪ್ಪುತ್ತದೆ.

ತೊಡುವುದಕ್ಕೂ ಒಂದು ಕ್ರಮವುಂಟು. ಮೊದಲು ಎಲ್ಲ ಪಟ್ಟಿಗಳನ್ನೂ ಸಡಿಲಿಸಬೇಕು. ಸೊಂಟಪಟ್ಟಿಯ ನಡುಭಾಗ ಸೊಂಟದ ಮೂಳೆಯ ಮೇಲಂಚಿಗೆ ಸರಿಯಾಗಿ ಕೂರುವಂತೆ ಬಿಗಿಯಬೇಕು. ಹೊಟ್ಟೆಯ ಮೇಲೂ ಅಲ್ಲ, ತೊಡೆಯ ಮೇಲೂ ಅಲ್ಲ. ಆಮೇಲೆ ಹೆಗಲಪಟ್ಟಿಗಳನ್ನು ಮೈಗೆ ಒರಗುವಷ್ಟು ಮಾತ್ರ ಎಳೆದುಕೊಳ್ಳಬೇಕು. ಹೆಗಲಿನಿಂದ ಚೀಲದ ತಲೆಗೆ ಹೋಗುವ ಕಿರುಪಟ್ಟಿಗಳೆರಡು ಸುಮಾರು 45 ಡಿಗ್ರಿ ಓರೆಯಾಗಿ ನಿಂತು ಚೀಲ ಹಿಂದಕ್ಕೆ ವಾಲದಂತೆ ಹಿಡಿಯುತ್ತವೆ. ಕೊನೆಗೆ ಎದೆಯ ಪಟ್ಟಿ, ಉಸಿರಾಟಕ್ಕೆ ತಡೆಯಾಗದಷ್ಟು. ತುಂಬುವಾಗ ಮಲಗುವ ಚೀಲ ಅಡಿಯಲ್ಲಿ, ಭಾರದ ವಸ್ತುಗಳು ನಡುವೆ ಬೆನ್ನಿಗೆ ಆದಷ್ಟು ಸಮೀಪದಲ್ಲಿ, ಹಗುರವಾದವು ಸುತ್ತಲೂ, ಮಳೆಯಂಗಿ ಕೈಗೆ ಸಿಗುವಂತೆ ಮೇಲೆ. ಹೊರಗೆ ಏನನ್ನೂ ನೇತುಹಾಕಕೂಡದು. ಭಾರ ಬೆನ್ನಿನಿಂದ ದೂರವಾದಷ್ಟೂ ಆಳನ್ನು ಹಿಂದಕ್ಕೆ ಎಳೆಯುತ್ತದೆ.

ಇಷ್ಟೆಲ್ಲ ಕಲಿತ ರಾಯರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಕೊನೆಯ ಪಾಠ. ಮಗಳು ಚೀಲದಿಂದ ತನ್ನ ನೀರಿನ ಬಾಟಲಿಯನ್ನೂ ಸ್ಟೀಲ್ ಡಬ್ಬಿಯನ್ನೂ ತೆಗೆದು ತನ್ನ ಚೀಲದಲ್ಲಿಟ್ಟುಕೊಂಡಳು. ರಾಯರು ಬಾಯಿ ತೆರೆದರು. "ಅಪ್ಪ, ನನ್ನ ಸಾಮಾನು ನಾನು ಹೊರುತ್ತೇನೆ. ಜನವರಿಯಲ್ಲಿ ಯಾರು ಹೊರುತ್ತಾರೆ?" ಎಂದಳು. ರಾಯರು ಬಾಯಿ ಮುಚ್ಚಿದರು. ಹನ್ನೆರಡು ಕಿಲೊ ಒಂಬತ್ತಾಯಿತು.

ಬೆರಳಿನ ಜೋಮು ನಾಲ್ಕು ದಿನಗಳಲ್ಲಿ ಹೋಗಿತ್ತು. ವೈದ್ಯರ ಒಪ್ಪಿಗೆ ಪಡೆದು ತಿಂಗಳ ಕೊನೆಯಲ್ಲಿ ತಂದೆಮಗಳು ಮತ್ತೆ ಶಿವಗಂಗೆಗೆ ಹೋದರು. ಚೀಲ ಈ ಸಲ ರಾಯರೊಡನೆ ಜಗಳವಾಡಲಿಲ್ಲ. ಸೊಂಟದ ಮೇಲೆ ಕೂಸಿನಂತೆ ಕುಳಿತು ಬಂದಿತು. ಹೆಗಲಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಆಡುತ್ತಿದ್ದವು. ಒಳಕಲ್ಲು ತೀರ್ಥದಲ್ಲಿ ರಾಯರು ಕೈ ಇಳಿಸಿ ಬಹಳ ಹೊತ್ತು ತಡಕಿದರು. ಕಲ್ಲಿನ ತಣುಪು, ಒರಟು, ಅಂಚಿನ ನುಣುಪು ಎಲ್ಲವೂ ಬೆರಳ ತುದಿಗೆ ತಿಳಿಯುತ್ತಿದ್ದವು.

"ಸಿಕ್ಕಿತೇನಪ್ಪ?"

"ಇಲ್ಲ ಕಣೇ, ಸಿಗಲಿಲ್ಲ. ಹೋದ ಸಲವೂ ಸಿಕ್ಕಿರಲಿಲ್ಲ" ಎಂದರು ರಾಯರು.

"ಗೊತ್ತು" ಎಂದು ಮಗಳು ನಕ್ಕಳು. ಆ ದಿನ ಇಬ್ಬರೂ ಶಿಖರದ ನಂದಿಯವರೆಗೆ ಹೋಗಿ ಬಂದರು.

ಡಿಸೆಂಬರಿನಲ್ಲಿ ಸಾಂಕ್ರಿಯಿಂದ ಪೈನ್ ಮರಗಳ ನಡುವೆ ಹತ್ತಿ, ಜೂಡಾ ಕಾ ತಲಾಬ್ ಎಂಬ ಹೆಪ್ಪುಗಟ್ಟಿದ ಕೊಳದ ಬಳಿ ಅವರು ಮೊದಲ ಡೇರೆ ಹೂಡಿದರು. ರಾಯರು ಎಲ್ಲರಿಗಿಂತ ಹಿಂದೆ ಬಂದರು, ಆದರೆ ತಮ್ಮ ಚೀಲವನ್ನು ತಾವೇ ಹೊತ್ತು ನೆಟ್ಟಗೆ ಬಂದರು. ಮೂರನೆಯ ದಿನ ನಸುಕಿನಲ್ಲಿ ಭಾರದ ಚೀಲಗಳನ್ನು ಬಿಡಾರದಲ್ಲಿಯೇ ಬಿಟ್ಟು ಶಿಖರವನ್ನು ಮುಟ್ಟಿದರು. ಸುತ್ತಣ ಹಿಮಶಿಖರಗಳ ಮೇಲೆ ಬಿಸಿಲು ಹರಡುವುದನ್ನು ತಂದೆಮಗಳು ಮಾತಿಲ್ಲದೆ ನೋಡುತ್ತ ನಿಂತರು.

ಜನವರಿಯ ಒಂದು ರಾತ್ರಿ ವಿಮಾನನಿಲ್ದಾಣದ ಬಾಗಿಲಲ್ಲಿ ಮಗಳು ತನ್ನ ಬೆನ್ನುಚೀಲವನ್ನು ಏರಿಸಿಕೊಂಡಳು. ಅವಸರದಲ್ಲಿ ಹೆಗಲಪಟ್ಟಿಗಳನ್ನು ಮಾತ್ರ ಎಳೆದುಕೊಂಡಿದ್ದಳು. ಮೊದಲಾಗಿದ್ದರೆ ರಾಯರು ಆ ಚೀಲವನ್ನು ಅವಳಿಂದ ಕಿತ್ತು ತಮ್ಮ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಈಗ ಬಗ್ಗಿ, ಅವಳ ಸೊಂಟಪಟ್ಟಿಯನ್ನು ಮೂಳೆಯ ಮೇಲೆ ಸರಿಯಾಗಿ ಕೂರಿಸಿ ಬಿಗಿದರು. ಹೆಗಲಪಟ್ಟಿಗಳನ್ನು ಒಂದಿಷ್ಟು ಸಡಿಲಿಸಿದರು.

"ಹಗುರಾಯಿತೆ?" ಎಂದು ಕೇಳಿದರು.

"ಹಗುರಾಯಿತಪ್ಪ" ಎಂದಳು ಮಗಳು.