ಹನ್ನೊಂದರ ಆಚೆ ಹೋಗದ ಪೆಟ್ಟಿಗೆ

ಪಕ್ಕದ ಮನೆಯ ವೈ-ಫೈ ಕಾಣುತ್ತದೆ. ಎದುರು ಮನೆಯದು ಕಾಣುತ್ತದೆ. ರಸ್ತೆ ತಿರುವಿನ ಜೆರಾಕ್ಸ್ ಅಂಗಡಿಯದೂ ಒಂದೇ ಕಡ್ಡಿಯ ಬಲದಲ್ಲಿ ಬಂದು ಹೋಗಿ ಮಾಡುತ್ತದೆ. ನಮ್ಮದು ಮಾತ್ರ ಪಟ್ಟಿಯಲ್ಲೇ ಇಲ್ಲ. ಮೋಡೆಮ್ ಇರುವುದು ಅದೇ ಮೇಜಿನ ಮೇಲೆ, ನೆಟ್‌ಬುಕ್ಕಿನಿಂದ ಒಂದು ಗೇಣು ದೂರದಲ್ಲಿ. ಅದರ ಹಸಿರು ದೀಪಗಳೆಲ್ಲ ಉರಿಯುತ್ತಿವೆ. ಹೆಂಡತಿಯ ಫೋನು, ಮಗಳ ಲ್ಯಾಪ್‌ಟಾಪು, ಗೋಡೆಯ ಮೇಲಿನ ಟೀವಿ ಎಲ್ಲಕ್ಕೂ ಅದರಿಂದಲೇ ಇಂಟರ್‌ನೆಟ್ ಹರಿಯುತ್ತಿದೆ.

"ಫೋನಲ್ಲಿ ಬರ್ತಿದೆಯಲ್ಲ, ಇನ್ನೆಂತ ಬೇಕ್ರೀ ನಿಮಗೆ? ಅದನ್ನ ಗುಜರಿಯವನಿಗೆ ಕೊಡಿ" ಎಂದಳು ಹೆಂಡತಿ.

ಕೊಡುವ ಮನಸ್ಸಿಲ್ಲ. 2009ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಯಂತ್ರ ಅದು. ಒಂಬತ್ತಿಂಚಿಗೂ ತುಸು ಕಡಿಮೆಯಿರುವ ಪರದೆ, ಇಂಟೆಲ್ ಆಟಮ್ ಎನ್270 ಪ್ರೊಸೆಸರ್, ಒಂದು ಜಿಬಿ ರ‍್ಯಾಮ್. ಎರಡೂ ಕೈಯನ್ನು ಕೀಲಿಮಣೆಯ ಮೇಲಿಟ್ಟರೆ ಕಿರುಬೆರಳುಗಳಿಗೆ ಜಾಗವಿಲ್ಲ. ಆದರೂ ಸಾಗರದಿಂದ ಬೆಂಗಳೂರಿನ ರಾತ್ರಿ ಬಸ್ಸುಗಳಲ್ಲಿ, ಮದುವೆಮನೆಗಳ ಜಗಲಿಯಲ್ಲಿ, ಆಸ್ಪತ್ರೆಯ ಕಾಯುವ ಕುರ್ಚಿಯಲ್ಲಿ ನಾನು ಬರೆದದ್ದೆಲ್ಲ ಅದರಲ್ಲೇ. ಇಂದಿಗೂ ಬರವಣಿಗೆಗೆ ಅದೇ ಸಾಕು, ಅದರಲ್ಲಿ ಬೇರೇನೂ ಮಾಡಲಾಗದಿರುವುದೇ ಅದರ ದೊಡ್ಡ ಗುಣ.

ಈ ಜಾತಿಯ ಯಂತ್ರಗಳ ಆಯುಷ್ಯ ಬಲು ಚಿಕ್ಕದು. 2007ರ ಅಕ್ಟೋಬರಿನಲ್ಲಿ ತೈವಾನಿನ ಏಸಸ್ ಕಂಪನಿ 'ಈ ಪಿಸಿ 701' ಎಂಬ ಏಳಿಂಚಿನ ಪೆಟ್ಟಿಗೆಯನ್ನು ಬಿಟ್ಟಿತು. ಒಳಗೆ ಹಾರ್ಡ್ ಡಿಸ್ಕಿಲ್ಲ, ನಾಲ್ಕು ಜಿಬಿ ಫ್ಲ್ಯಾಶ್ ಮೆಮೊರಿ. ವಿಂಡೋಸ್ ಇಲ್ಲ, ಲಿನಕ್ಸ್. ಜನ ಮುಗಿಬಿದ್ದರು. ಮರುವರ್ಷ ಎಲ್ಲ ಕಂಪನಿಗಳೂ ಒಂದೊಂದು ಹೆತ್ತವು. ಮೈಕ್ರೋಸಾಫ್ಟ್ ಎಚ್ಚೆತ್ತು, ಬಾಗಿಲು ಹಾಕಬೇಕಿದ್ದ ಎಕ್ಸ್‌ಪಿಯನ್ನು ಈ ಅಗ್ಗದ ಯಂತ್ರಗಳಿಗಾಗಿಯೇ ಇನ್ನಷ್ಟು ಕಾಲ ಮಾರಿತು. ಆಮೇಲೆ ಟ್ಯಾಬ್ಲೆಟ್ಟುಗಳು ಬಂದವು, 2013 ಹುಟ್ಟುವ ಹೊತ್ತಿಗೆ ನೆಟ್‌ಬುಕ್ಕಿನ ಕಥೆ ಮುಗಿಯಿತು. (ಅಗ್ಗದ, ಚಿಕ್ಕ, ಲಿನಕ್ಸಿನ ಯಂತ್ರ ಎಂಬ ಆಲೋಚನೆ ತೈವಾನಿಗಿಂತ ಮೊದಲು ನಮ್ಮಲ್ಲೇ ಹುಟ್ಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ರೂಪಿಸಿದ ಸಿಂಪ್ಯೂಟರ್ ಅಂಗೈ ಅಗಲದ್ದು. ಅದನ್ನು ನೆನೆಯುವವರೇ ಈಗ ಕಡಿಮೆ.)

ನನ್ನ ನೆಟ್‌ಬುಕ್ಕಿಗೆ ಈಗ ಡೆಬಿಯನ್ ಬಳಗದ ಒಂದು ಹಗುರ ಲಿನಕ್ಸ್ ಹಾಕಿದ್ದೇನೆ. ಆ ಬಾಗಿಲೂ ಮುಚ್ಚುತ್ತಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13, 32 ಬಿಟ್ಟಿನ ಇಂಥ ಯಂತ್ರಗಳಿಗೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿತು. ಹಾಗಾಗಿ ಹಳೆಯ 12ರಲ್ಲೇ ಕಾಲ ಹಾಕುತ್ತಿದ್ದೇನೆ.

ಲಿನಕ್ಸಿನಲ್ಲಿ ವೈ-ಫೈ ಹೋದರೆ ಹುಡುಕುವುದಕ್ಕೊಂದು ಕ್ರಮವಿದೆ. ಮೊದಲು ಆರ್‌ಎಫ್‌ಕಿಲ್ ಎಂಬ ಆಜ್ಞೆ. ರೇಡಿಯೊವನ್ನು ಸಾಫ್ಟ್‌ವೇರ್ ಕಟ್ಟಿಹಾಕಿದೆಯೋ, ಪಕ್ಕದ ಗುಂಡಿಯೋ ಎಂದು ಅದು ಹೇಳುತ್ತದೆ. ಎರಡೂ ಇಲ್ಲ ಎಂದಿತು. ಆಮೇಲೆ ಎಲ್‌ಎಸ್‌ಪಿಸಿಐ: ಯಂತ್ರದೊಳಗೆ ಯಾವ ಕಾರ್ಡು ಕೂತಿದೆ? ಅಥೆರಾಸ್ ಎಆರ್242ಎಕ್ಸ್. ಅದಕ್ಕೆ ಡ್ರೈವರ್ ಸಿಕ್ಕಿದೆಯೇ? ಸಿಕ್ಕಿದೆ, ಎಟಿಎಚ್5ಕೆ ಎಂಬುದು. ಪಾಸ್‌ವರ್ಡು ತಪ್ಪೇ ಎನ್ನಲು ಅದು ಪಾಸ್‌ವರ್ಡ್ ಕೇಳುವ ಹಂತಕ್ಕೇ ಬಂದಿಲ್ಲ. ಕಾರ್ಡು ಕೆಟ್ಟಿದೆ ಎನ್ನೋಣವೆಂದರೆ ಜೆರಾಕ್ಸ್ ಅಂಗಡಿಯವರೆಗೆ ಅದರ ಕಿವಿ ಕೇಳುತ್ತಿದೆ.

ಕಾರ್ಡಿನ ಒಳಗನ್ನು ಸರಿಯಾಗಿ ನೋಡಬೇಕಾದರೆ ಐಡಬ್ಲ್ಯೂ ಎಂಬ ಇನ್ನೊಂದು ಉಪಕರಣ ಬೇಕು. ಅದು ನನ್ನಲ್ಲಿರಲಿಲ್ಲ, ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎನ್ನುತ್ತಾರಲ್ಲ, ಲಿನಕ್ಸಿನಲ್ಲಿ ವೈ-ಫೈ ಸರಿಮಾಡಲು ಕೂತ ಎಲ್ಲರೂ ಒಮ್ಮೆಯಾದರೂ ಈ ಮದುವೆಮನೆಗೆ ಬಂದೇ ಬರುತ್ತಾರೆ. ಹೆಂಡತಿಯ ಫೋನನ್ನು ಚಾರ್ಜಿಂಗ್ ವೈರಿನಿಂದ ನೆಟ್‌ಬುಕ್ಕಿಗೆ ಚುಚ್ಚಿ, ಫೋನಿನ ಇಂಟರ್‌ನೆಟ್ಟನ್ನೇ ವೈರಿನ ಮೂಲಕ ಎಳೆದುಕೊಂಡು ಕೆಲಸ ಸಾಧಿಸಿದೆ. ಅಷ್ಟು ಹೊತ್ತೂ ಅವಳು ಫೋನಿಗಾಗಿ ತಲೆಯ ಮೇಲೇ ನಿಂತಿದ್ದಳು.

ಐಡಬ್ಲ್ಯೂ ಉದ್ದನೆಯ ಪಟ್ಟಿ ಕೊಟ್ಟಿತು. ಕಾರ್ಡಿಗೆ ತಿಳಿದ ಚಾನೆಲ್ಲುಗಳು ಒಂದರ ಕೆಳಗೊಂದು: 2412 ಮೆಗಾಹರ್ಟ್ಸ್, ಚಾನೆಲ್ 1. ಐದೈದು ಮೆಗಾಹರ್ಟ್ಸ್ ಮೇಲೇರುತ್ತ 2462ಕ್ಕೆ ಚಾನೆಲ್ 11. ಅದರ ಕೆಳಗೆ 2467, ಚಾನೆಲ್ 12, ಮುಂದೆ ಆವರಣದಲ್ಲಿ 'ಡಿಸೇಬಲ್ಡ್'. 2472, ಚಾನೆಲ್ 13, ಅದಕ್ಕೂ 'ಡಿಸೇಬಲ್ಡ್'. ಫೋನಿನಲ್ಲಿ ನಮ್ಮ ಮೋಡೆಮ್ಮಿನ ವಿವರ ತೆಗೆದು ನೋಡಿದೆ. ಅದು ಮಾತಾಡುತ್ತಿದ್ದದ್ದು ಚಾನೆಲ್ 13ರಲ್ಲಿ.

ಆ ಎರಡು ಚಾನೆಲ್ಲುಗಳಿಗೆ ಬೀಗ ಹಾಕಿದವರಾರು ಎಂಬುದು ಲಿನಕ್ಸಿನ ತಿರುಳಾದ ಕರ್ನೆಲ್ಲಿನ ದಿನಚರಿಯಲ್ಲಿತ್ತು. ಕಾರ್ಡಿನ ಮೇಲೆ ಈಪ್ರಾಮ್ ಎಂಬ ಪುಟ್ಟ ನೆನಪಿನ ಚಿಪ್ಪಿದೆ, ಕಾರ್ಡು ಯಾವ ದೇಶದ ರೇಡಿಯೊ ನಿಯಮ ಪಾಲಿಸಬೇಕೆಂಬ ಸಂಕೇತವನ್ನು ಅದರಲ್ಲಿ ಬರೆದಿಡುತ್ತಾರೆ. ನನ್ನ ಕಾರ್ಡಿನಲ್ಲಿ ಆ ಜಾಗದಲ್ಲಿದ್ದದ್ದು ಸೊನ್ನೆ. ಸೊನ್ನೆಯಿದ್ದರೆ ಏನೆಂದು ತಿಳಿಯತಕ್ಕದ್ದು? ಡ್ರೈವರಿನ ನಿಯಮ ಸ್ಪಷ್ಟವಾಗಿದೆ: ಅಮೆರಿಕ. ದಿನಚರಿಯ ಸಾಲಿನ ಕೊನೆಯಲ್ಲಿ ಯು.ಎಸ್. ಎಂಬೆರಡು ಅಕ್ಷರ. ಸಾಗರ ಪೇಟೆಯಲ್ಲಿ ಕೂತು, ಕನ್ನಡದಲ್ಲಿ ಪ್ರಬಂಧ ಬರೆಯುತ್ತ, ಈ ಪೆಟ್ಟಿಗೆ ಇಷ್ಟು ವರ್ಷವೂ ಅಮೆರಿಕದ ಕಾನೂನು ಪಾಲಿಸಿಕೊಂಡು ಬಂದಿದೆ!

'ದೇಶ: ಭಾರತ' ಎಂದು ಆಜ್ಞೆ ಕೊಟ್ಟೆ. ಲಿನಕ್ಸ್ ಬೇಡವೆನ್ನಲಿಲ್ಲ. ಆದರೆ ಕಾರ್ಡು ಹೇಳಿದ ದೇಶ ಒಂದು, ನಾನು ಹೇಳಿದ ದೇಶ ಇನ್ನೊಂದು. ಹಾಗಿದ್ದಾಗ ಎರಡು ಕಾನೂನುಗಳಲ್ಲಿ ಯಾವುದು ಬಿಗಿಯೋ ಅದನ್ನೇ ಅದು ಇಟ್ಟುಕೊಳ್ಳುತ್ತದೆ. ಭಾರತದಲ್ಲಿ 13ರವರೆಗೆ ಸಲ್ಲುತ್ತದೆ, ಅಮೆರಿಕದ ಕಾರ್ಡುಗಳು 11ಕ್ಕೇ ನಿಲ್ಲುತ್ತವೆ. ಅಲ್ಲಿ 2483.5 ಮೆಗಾಹರ್ಟ್ಸ್‌ನ ಆಚೆಗೆ ಸದ್ದು ಸೋರಬಾರದೆಂಬ ಕಟ್ಟಳೆ ಬಿಗಿಯಾದದ್ದು. ಅಂಚಿಗೆ ಹತ್ತಿರವಿರುವ 12, 13ರಲ್ಲಿ ಅದನ್ನು ಪಾಲಿಸುವ ತಂಟೆ ಯಾಕೆಂದು ಕಾರ್ಡು ಮಾಡುವವರು ಆ ಎರಡನ್ನೂ ಮುಚ್ಚಿಬಿಡುತ್ತಾರೆ. ಅಂತೂ ನನ್ನ ಆಜ್ಞೆಯ ಮೇಲೂ 11 ದಾಟಲಿಲ್ಲ.

ಗಾಳಿಗೆ ಲೈಸೆನ್ಸು ಎಂಬ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಅಪ್ಪಯ್ಯನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ರೇಡಿಯೊ ಲೈಸೆನ್ಸಿನ ಪುಸ್ತಕ. ಪಾಸ್‌ಪುಸ್ತಕದಷ್ಟೇ ಗಾತ್ರ, ಒಳಗೆ ವರ್ಷಕ್ಕೊಂದರಂತೆ ಅಂಟಿಸಿದ ಚೀಟಿ, ಅದರ ಮೇಲೆ ಅಂಚೆ ಕಚೇರಿಯ ದುಂಡನೆ ಮುದ್ರೆ. ಹಾಡು ಕೇಳುವುದಕ್ಕೆ, ವಾರ್ತೆ ಕೇಳುವುದಕ್ಕೆ, ಬರೀ ಕೇಳುವುದಕ್ಕೆ ಆಗ ಸರ್ಕಾರಕ್ಕೆ ದುಡ್ಡು ಕಟ್ಟಬೇಕಿತ್ತು. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಎಂಬ ಬ್ರಿಟಿಷರ ಕಾಲದ ಕಾನೂನುಗಳ ಫಲ ಅದು. ಇನ್‌ಸ್ಪೆಕ್ಟರ್ ಬಂದನಂತೆ ಎಂಬ ಸುದ್ದಿ ಬೀದಿಯ ಈ ತುದಿಗೆ ಮುಟ್ಟಿದರೆ, ಆ ವರ್ಷದ ಚೀಟಿ ಅಂಟಿಸದವರ ಮನೆಯಲ್ಲಿ ರೇಡಿಯೊದ ಮೇಲೆ ಚಾದರ ಬೀಳುತ್ತಿತ್ತು. ಅಪ್ಪಯ್ಯನಿಗೆ ಆ ಭಯವಿರಲಿಲ್ಲ, ಪುಸ್ತಕವನ್ನು ರೇಡಿಯೊದ ಪಕ್ಕದಲ್ಲೇ ಇಟ್ಟಿರುತ್ತಿದ್ದರು. ಎಂಬತ್ತರ ದಶಕದ ನಡುವಿನಲ್ಲಿ ಈ ಲೈಸೆನ್ಸ್ ರದ್ದಾಯಿತು. ಅವರು ಅದನ್ನು ಪೂರ್ತಿ ನಂಬಲಿಲ್ಲ. ಪುಸ್ತಕ ಪೆಟ್ಟಿಗೆಯಲ್ಲೇ ಉಳಿಯಿತು, ಬೇಕಾದರೆ ಕೇಳುತ್ತಾರೆ ಎಂದು.

ಕೇಳುವವರ ಗತಿ ಹೀಗಾದರೆ ಬಿತ್ತರಿಸುವವರ ಮಾತು ಬೇರೆಯೇ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಆಕಾಶವಾಣಿ ಶುರುಮಾಡಿದ್ದು ಎಂಥ ಧೈರ್ಯವೆಂದು ಈಗ ಅನ್ನಿಸುತ್ತದೆ. ಇಂದು ನಮ್ಮ ಬೀದಿಯ ಪ್ರತಿ ಮನೆಯಲ್ಲೂ ಒಂದೊಂದು ಟ್ರಾನ್ಸ್‌ಮಿಟರ್ ಹಗಲೂ ರಾತ್ರಿ ಚಾಲೂ ಇದೆ. ಯಾರ ಬಳಿಯೂ ಪುಸ್ತಕವಿಲ್ಲ.

ಇದು ಸಾಧ್ಯವಾದದ್ದು ಯಾರಿಗೂ ಬೇಡವಾದ ಒಂದು ತುಂಡು ತರಂಗ ಪಟ್ಟಿಯಿಂದ. 2.4 ಗಿಗಾಹರ್ಟ್ಸ್‌ನ ಸುತ್ತಲಿನ ಈ ಪಟ್ಟಿಯನ್ನು ಕೈಗಾರಿಕೆಯ ಒಲೆಗಳು, ವೈದ್ಯಕೀಯ ಯಂತ್ರಗಳು, ಅಡುಗೆಮನೆಯ ಮೈಕ್ರೋವೇವ್ ಓವನ್ನುಗಳಿಗೆ ಬಿಟ್ಟಿದ್ದರು. ಅಷ್ಟು ಗಲಾಟೆಯಿರುವಲ್ಲಿ ಮಾತುಕತೆ ಸಾಧ್ಯವೇ ಎಂದು ದೊಡ್ಡವರು ಯಾರೂ ಅತ್ತ ತಲೆಹಾಕಿರಲಿಲ್ಲ. 1985ರ ಮೇ ತಿಂಗಳಲ್ಲಿ ಅಮೆರಿಕದ ಸಂವಹನ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಈ ಪಟ್ಟಿಯಲ್ಲಿ ಲೈಸೆನ್ಸಿಲ್ಲದೆ ರೇಡಿಯೊ ಸಂವಹನ ನಡೆಸಬಹುದೆಂದಿತು. ಶರತ್ತು ಎರಡೇ, ಶಕ್ತಿ ಕಡಿಮೆಯಿರಬೇಕು, ಸಂಕೇತವನ್ನು ಒಂದೇ ಕಡೆ ಸುರಿಯದೆ ಪಟ್ಟಿಯ ಅಗಲಕ್ಕೆ ಹರಡಬೇಕು. ಮೈಕೆಲ್ ಮಾರ್ಕಸ್ ಎಂಬ ಎಂಜಿನಿಯರ್ ಆ ಸಂಸ್ಥೆಯ ಒಳಗಿದ್ದುಕೊಂಡೇ ಇದಕ್ಕಾಗಿ ಹಟ ಹಿಡಿದಿದ್ದರು. ನೆದರ್ಲೆಂಡ್ಸಿನಲ್ಲಿ ಎನ್‌ಸಿಆರ್ ಕಂಪನಿಯವರು ಅಂಗಡಿಗಳ ಗಲ್ಲಾಪೆಟ್ಟಿಗೆಗಳನ್ನು ತಂತಿಯಿಲ್ಲದೆ ಜೋಡಿಸಲು ಅದನ್ನು ಬಳಸಿಕೊಂಡರು, 1997ರಲ್ಲಿ 802.11 ಎಂಬ ಮಾನಕ ಬಂತು, ಎರಡು ವರ್ಷದ ಮೇಲೆ ವೈ-ಫೈ ಎಂಬ ಹೆಸರು. ಭಾರತದಲ್ಲಿ ಈ ಪಟ್ಟಿ ಲೈಸೆನ್ಸಿನಿಂದ ಬಿಡುಗಡೆಯಾದದ್ದು 2005ರ ಜನವರಿಯಲ್ಲಿ.

ಬಿಡುಗಡೆಯೆಂದರೆ ಅಂಕೆಯಿಲ್ಲವೆಂದಲ್ಲ. ಲೈಸೆನ್ಸ್ ಮನುಷ್ಯನ ಪೆಟ್ಟಿಗೆಯಿಂದ ಇಳಿದು ಯಂತ್ರದ ಚಿಪ್ಪಿನೊಳಗೆ ಹೋಗಿ ಕೂತಿತು. ಅಲ್ಲಿಂದಲೇ ಲಿನಕ್ಸಿನವರ ಪಾಡು ಶುರುವಾದದ್ದು. ಅಥೆರಾಸ್ ಚಿಪ್ಪುಗಳು ಎಷ್ಟು ಚುರುಕೆಂದರೆ ಯಾವ ಆವರ್ತನದಲ್ಲಿ, ಎಷ್ಟು ಜೋರಾಗಿ ಕೂಗಬೇಕೆಂಬುದನ್ನು ಸಾಫ್ಟ್‌ವೇರೇ ಹೇಳಬಹುದಿತ್ತು. ಸಾಫ್ಟ್‌ವೇರ್ ಜನರ ಕೈಗೆ ಕೊಟ್ಟರೆ ಯಾರಾದರೂ ತಿದ್ದಿ ಪೊಲೀಸರ ವೈರ್‌ಲೆಸ್ಸಿನ ಮೇಲೆ ಕೂಗಿದರೆ? ಕಾನೂನಿನ ಈ ಅಂಜಿಕೆಯನ್ನು ಮುಂದಿಟ್ಟು, ಅಥೆರಾಸ್ ಕಂಪನಿಯವರು ಡ್ರೈವರಿನ ತಿರುಳನ್ನು 'ಹ್ಯಾಲ್' ಎಂಬ ಮುಚ್ಚಿದ ಗಂಟಾಗಿ ಕೊಟ್ಟರು. ಲಿನಕ್ಸಿನ ಮ್ಯಾಡ್‌ವೈಫೈ ಡ್ರೈವರ್ ಈ ಗಂಟನ್ನು ಬಿಚ್ಚದೆ ಹೊತ್ತುಕೊಂಡೇ ವರ್ಷಗಟ್ಟಲೆ ನಡೆಯಿತು. ಕೆಟ್ಟರೆ ಒಳಗೇನಾಗಿದೆ ಎಂದು ನೋಡುವಂತಿಲ್ಲ. ಬಿಚ್ಚದ ಗಂಟಿಗೆ ಕರ್ನೆಲ್ಲಿನೊಳಗೆ ಜಾಗವಿಲ್ಲ.

2004ರ ಸುಮಾರಿಗೆ, ಲಿನಕ್ಸಿನಂತೆಯೇ ಮುಕ್ತವಾದ ಇನ್ನೊಂದು ಕಾರ್ಯವ್ಯವಸ್ಥೆಯಾದ ಓಪನ್‌ಬಿಎಸ್‌ಡಿಯ ರೈಕ್ ಫ್ಲೋಟರ್ ಎಂಬ ಜರ್ಮನ್ ಪ್ರೋಗ್ರಾಮರ್, ಆ ಗಂಟು ಚಿಪ್ಪಿನೊಂದಿಗೆ ಹೇಗೆ ವ್ಯವಹರಿಸುತ್ತದೆಂದು ಹೊರಗಿನಿಂದ ಗಮನಿಸಿ, ಅದೇ ಕೆಲಸ ಮಾಡುವ ಕೋಡನ್ನು ತಾನೇ ಬರೆದ. ಇದು ಕಳವಲ್ಲವೇ ಎಂಬ ಗುಸುಗುಸು ಹಬ್ಬಿತು. ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರಿನ ವಕೀಲರು ಕೂತು ಪರಿಶೀಲಿಸಿ, ಅಥೆರಾಸಿನ ಹಕ್ಕಿಗೆ ಇಲ್ಲಿ ಚ್ಯುತಿಯಾಗಿಲ್ಲ ಎಂದು 2007ರಲ್ಲಿ ಹೇಳಿದರು. ಅದರ ಬೆನ್ನಿಗೇ, 2008ರ ಏಪ್ರಿಲಿನ 2.6.25 ಕರ್ನೆಲ್ಲಿನಲ್ಲಿ ಆ ಕೋಡಿನ ಆಧಾರದ ಮೇಲೆ ಕಟ್ಟಿದ ಎಟಿಎಚ್5ಕೆ ಬಂತು. ಅದೇ ವರ್ಷ ಅಥೆರಾಸ್ ಕಂಪನಿಯೂ ಮನಸ್ಸು ಬದಲಿಸಿ, ಹೊಸ ಚಿಪ್ಪುಗಳಿಗೆ ತಾನೇ ತೆರೆದ ಡ್ರೈವರ್ ಕೊಟ್ಟಿತು, ಹಳೆಯ ಗಂಟಿನ ಮೂಲವನ್ನೂ ಬಿಡುಗಡೆ ಮಾಡಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ನನ್ನ ನೆಟ್‌ಬುಕ್ಕಿನಲ್ಲಿರುವುದು ಆ ಎಟಿಎಚ್5ಕೆಯೇ. ಗಂಟು ಬಿಚ್ಚಿದರೆ ಕಾನೂನು ಮುರಿಯುತ್ತಾರೆಂದು ಯಾರ ಬಗ್ಗೆ ಹೆದರಿದ್ದರೋ, ಆ ಜನ ಬರೆದ ಕೋಡು ಕಾನೂನನ್ನು ಎಷ್ಟು ಮಡಿಯಿಂದ ಪಾಲಿಸುತ್ತದೆಂದರೆ, ಚೀಟಿ ಖಾಲಿಯಿದ್ದರೂ ಕಟ್ಟುನಿಟ್ಟಿನದೊಂದನ್ನು ಹುಡುಕಿ ಓದಿಕೊಳ್ಳುತ್ತದೆ! ಮೂಲ ಬಯಲಲ್ಲೇ ಇದೆ. ಸೊನ್ನೆಯನ್ನು ಅಮೆರಿಕಕ್ಕೆ ಜೋಡಿಸುವ ಜಾಗ ಹುಡುಕಿ ತಿದ್ದಿ, ಡ್ರೈವರನ್ನು ಮತ್ತೆ ಕಂಪೈಲ್ ಮಾಡಿಕೊಂಡರೆ ಆಯಿತು, ತಡೆಯುವವರಿಲ್ಲ. ನಾನು ತಿದ್ದಲಿಲ್ಲ. ರೇಡಿಯೊ ಪಕ್ಕದಲ್ಲಿ ಪುಸ್ತಕ ಇಟ್ಟುಕೊಳ್ಳುವವರ ಮನೆಯಲ್ಲಿ ಬೆಳೆದದ್ದು ಒಂದು ಕಾರಣ. ಮೋಡೆಮ್ಮಿನ ಚಾನೆಲ್ ಬದಲಿಸುವುದು ಅದಕ್ಕಿಂತ ಎಷ್ಟೋ ಸುಲಭ ಎಂಬುದು ದೊಡ್ಡ ಕಾರಣ.

ಮೋಡೆಮ್ಮಿನ ಅಡ್ಮಿನ್ ಪಾಸ್‌ವರ್ಡ್ ನಮಗೆ ಕೊಟ್ಟಿರಲಿಲ್ಲ. ಫೈಬರ್ ಹಾಕಿಕೊಟ್ಟ ಹುಡುಗನಿಗೆ ಫೋನ್ ಮಾಡಿದೆ. ಬೈಕಿನ ಹಿಂದೆ ಕೇಬಲ್ ಸುರುಳಿ ಕಟ್ಟಿಕೊಂಡು ಸಂಜೆ ಬಂದ. ಚಾನೆಲ್ಲನ್ನು ಮೋಡೆಮ್ಮೇ ಆರಿಸಿಕೊಳ್ಳಲೆಂದು 'ಆಟೊ'ಗೆ ಬಿಟ್ಟಿದ್ದನಂತೆ. ಮೋಡೆಮ್ ಮಾಡಿದ್ದೂ ಸರಿಯೇ. ಬೀದಿಯವರೆಲ್ಲ 1, 6, 11ರಲ್ಲಿ ಕಿಕ್ಕಿರಿದಿದ್ದಾರೆ, ಮೇಲ್ಗಡೆ ಖಾಲಿಯಿದೆ, ಹೋಗಿ ಕೂತಿದೆ.

"ಸರ್, ನಾವೇನ್ ಎಲ್ಲರ ಮನೇಲೂ ಆಟೊನೇ ಬಿಡೋದು. ಯಾರೂ ಕಂಪ್ಲೇಂಟ್ ಮಾಡಿಲ್ಲ" ಎಂದ. ನೆಟ್‌ಬುಕ್ಕನ್ನು ಎತ್ತಿ, ಮಗುಚಿ, ತೂಕ ನೋಡಿ, "ಇದು ಓಡ್ತದಾ ಸರ್?" ಎಂದು ಕೇಳಿದ. ಆಟೊ ತೆಗೆದು 1ಕ್ಕೆ ಇಟ್ಟ. ಮೋಡೆಮ್ ಒಮ್ಮೆ ಸತ್ತು ಹುಟ್ಟಿತು. ಪಟ್ಟಿಯಲ್ಲಿ ನಮ್ಮ ಹೆಸರು ಎಲ್ಲಕ್ಕಿಂತ ಮೇಲೆ ಬಂತು. ಅಮೆರಿಕದ ಕಾನೂನಿನ ಕಥೆಯನ್ನು ಕಾಫಿ ಮುಗಿಯುವವರೆಗೆ ಹೇಳಿದೆ. ನನ್ನ ಮಾತಿಗಿಂತ ಚಕ್ಕುಲಿಯ ಕಡೆಗೇ ಅವನ ಲಕ್ಷ್ಯವಿತ್ತೆಂದು ನನ್ನ ಹೆಂಡತಿಯ ಅಭಿಪ್ರಾಯ.

ಹಾಗೇನೂ ಇರಲಿಲ್ಲ. ಸ್ವಲ್ಪ ದಿನದ ಮೇಲೆ ಅವನದೇ ಫೋನ್ ಬಂತು. "ಸರ್, ಜೋಗದ ರೋಡಲ್ಲಿ ಒಬ್ರ ಮನೇಲಿದೀನಿ. ಎಲ್ಲಾ ಓಡ್ತದೆ, ಹಳೇ ಪ್ರಿಂಟರಿಗೆ ಮಾತ್ರ ವೈ-ಫೈ ಕಾಣ್ತಿಲ್ಲ. ಇದೂ ಅಮೆರಿಕದ್ದೇ ಇರ್ಬೋದಾ?"

ಚಾನೆಲ್ ಎಷ್ಟಿದೆ ನೋಡು ಮಾರಾಯ ಎಂದೆ.

"ಹನ್ನೆರಡು ಸರ್!"