ಐವತ್ತು ಅಡಿಯ ಗೆರೆ

ನಮ್ಮ ಮಾವ ಮೂವತ್ತೊಂದು ವರ್ಷ ಕೆಎಸ್‌ಆರ್‌ಟಿಸಿ ಬಸ್ಸಿನ ಸ್ಟೇರಿಂಗ್ ಹಿಡಿದವರು. ಅದರಲ್ಲಿ ಹೆಚ್ಚು ಕಾಲ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲೇ. ಅಂಥವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸುವ ಕಷ್ಟ ನನ್ನ ಶತ್ರುವಿಗೂ ಬೇಡ. ಬಾಯಿಬಿಟ್ಟು ಒಂದು ಮಾತೂ ಆಡುವುದಿಲ್ಲ. ಆದರೆ ನಾನು ಬ್ರೇಕ್ ಒತ್ತಬೇಕಾದ ಜಾಗ ಬಂತೆಂದರೆ ಅವರ ಬಲಗಾಲು ತನ್ನಷ್ಟಕ್ಕೆ ತಾನೇ ಕಾರಿನ ನೆಲ ಒತ್ತುತ್ತದೆ. ಇಲ್ಲಿ ಎರಡು ಸಲ ಡ್ರೈವಿಂಗ್ ಟೆಸ್ಟ್ ಫೇಲಾಗಿ ಮೂರನೇ ಸಲಕ್ಕೆ ಪಾಸಾದವಳು ನಾನು. ಆ ಕಾಲು ಅಲುಗಾಡಿದಾಗಲೆಲ್ಲ ನನ್ನ ಎದೆ ಧಸಕ್ ಅನ್ನುತ್ತಿತ್ತು.

ಅವರು ನಮ್ಮಲ್ಲಿಗೆ, ಇಂಗ್ಲೆಂಡಿನ ವೋಕಿಂಗ್‌ಗೆ ಬಂದು ಎರಡು ತಿಂಗಳಾಗಿತ್ತು. ಲಂಡನ್ ಸೇತುವೆ, ಅರಮನೆ, ದೊಡ್ಡ ಗಡಿಯಾರ ಎಲ್ಲ ಮುಗಿದಿದ್ದವು. ಯಾವುದಕ್ಕೂ "ಚೆನ್ನಾಗದೆ" ಎನ್ನುವುದರಾಚೆ ಮಾತಿರಲಿಲ್ಲ. ಪಕ್ಕದ ವೇಬ್ರಿಡ್ಜ್ ಊರಿನಲ್ಲಿ ಹಳೇ ಬಸ್ಸುಗಳದ್ದೇ ಒಂದು ಮ್ಯೂಸಿಯಂ ಇದೆ ಎಂದು ಗೊತ್ತಾದಾಗ ಮಾತ್ರ, ಶನಿವಾರ ಬೆಳಿಗ್ಗೆ ನಾನು ಏಳುವ ಮೊದಲೇ ಸ್ನಾನ ಮಾಡಿ ಸ್ವೆಟರ್ ಹಾಕಿಕೊಂಡು ಕೂತಿದ್ದರು. ನಮ್ಮವರಿಗೆ ಆಫೀಸಿನ ಕೆಲಸ. ಓಡಿಸುವ ಪಾಳಿ ನನ್ನದೇ.

ಕುದುರೆ ಎಳೆಯುತ್ತಿದ್ದ ಕಾಲದಿಂದ ಹಿಡಿದು ಕೆಂಪು ಡಬಲ್ ಡೆಕ್ಕರ್‌ವರೆಗೆ ಅಲ್ಲಿ ಬಸ್ಸುಗಳು ಸಾಲಾಗಿ ನಿಂತಿವೆ. ಒಂದರ ಮೂತಿಯ ಮೇಲೆ 'ಲೇಲ್ಯಾಂಡ್' ಎಂಬ ಹೆಸರು ಕಂಡದ್ದೇ ಮಾವ ಅದರ ಬಾನೆಟ್ಟನ್ನು ಎತ್ತಿನ ಬೆನ್ನು ಸವರಿದ ಹಾಗೆ ಸವರಿದರು. "ನಮ್ಮ ಗಾಡಿಯ ತಾತ ಕಣಮ್ಮ ಇದು."

ಹೊರಗೆ ಬಂದಾಗ ಅವರ ಕಣ್ಣಿಗೆ ಬಿದ್ದದ್ದು ಒಂದು ಗೋಡೆ. ಹತ್ತಿರ ಹೋಗಿ ನೋಡಿದರೆ ಗೋಡೆಯಲ್ಲ, ರಸ್ತೆ. ಒಂದು ಮಗ್ಗುಲಿಗೆ ಎತ್ತಿ ನಿಲ್ಲಿಸಿದಂಥ, ಪಾಚಿ ಹಿಡಿದ, ಬಿರುಕಿನಲ್ಲೆಲ್ಲ ಹುಲ್ಲು ಬೆಳೆದ ಕಾಂಕ್ರೀಟ್ ರಸ್ತೆ. ಮಾವ ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಇದನ್ನ ಯಾರಮ್ಮ ಹಿಂಗೆ ಕಟ್ಟಿದ್ದು, ಯಾಕೆ ಕಟ್ಟಿದ್ದು?" ಅಂದರು. ಅವರು ನನ್ನನ್ನು ಏನಾದರೂ ಕೇಳಿದ್ದೇ ಅಪರೂಪ. ಫಲಕಗಳನ್ನು ಓದಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ.

ಇದು ಬ್ರೂಕ್‌ಲ್ಯಾಂಡ್ಸ್. ಮೋಟಾರು ರೇಸಿಗೆಂದೇ ಕಟ್ಟಿದ, ತಿರುವುಗಳನ್ನು ಹೀಗೆ ಎತ್ತರಿಸಿದ ಜಗತ್ತಿನ ಮೊದಲ ಟ್ರ್ಯಾಕ್. 1903ರ ಕಾನೂನಿನ ಪ್ರಕಾರ ಬ್ರಿಟನ್ನಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್ ಮೀರುವಂತಿರಲಿಲ್ಲ. ಫ್ರಾನ್ಸ್, ಇಟಲಿಯವರು ರಸ್ತೆಗಳಲ್ಲೇ ರೇಸು ನಡೆಸಿ ತಮ್ಮ ಕಾರುಗಳನ್ನು ಪಳಗಿಸುತ್ತಿದ್ದರೆ ಇಂಗ್ಲಿಷರಿಗೆ ಜಾಗವೇ ಇಲ್ಲ. ಇಟಲಿಗೆ ರೇಸು ನೋಡಲು ಹೋದ ಹ್ಯೂ ಲಾಕ್ ಕಿಂಗ್ ಎಂಬ ಜಮೀನ್ದಾರನಿಗೆ ಅಲ್ಲಿ ತನ್ನ ದೇಶದ ಒಂದು ಕಾರೂ ಕಾಣಲಿಲ್ಲವಂತೆ. ವಾಪಸು ಬಂದವನು ಸ್ವಂತ ಜಮೀನಿನಲ್ಲೇ ಟ್ರ್ಯಾಕ್ ಕಟ್ಟಲು ನಿಂತ. ನಕ್ಷೆ ಮಾಡಿದ್ದು ಕರ್ನಲ್ ಹೋಲ್ಡನ್ ಎಂಬ ಸೇನಾಧಿಕಾರಿ. ಸುಮಾರು 4.4 ಕಿಲೋಮೀಟರ್ ಸುತ್ತು, 100 ಅಡಿ ಅಗಲ, ತಿರುವುಗಳಲ್ಲಿ ಹೊರ ಅಂಚು ಸುಮಾರು 30 ಅಡಿ ಎತ್ತರ. ನೂರಾರು ಕೂಲಿಯಾಳುಗಳು ಸೇರಿ ಕೆಲವೇ ತಿಂಗಳಲ್ಲಿ ಮುಗಿಸಿದರು. ಖರ್ಚು ಒಂದೂವರೆ ಲಕ್ಷ ಪೌಂಡು, ಅದೂ 1907ರಲ್ಲಿ.

"ಮನೆ ಮುಳುಗಿರಬೇಕು," ಅಂದರು ಮಾವ.

ಮುಳುಗುವುದರಲ್ಲಿತ್ತು. ಲಾಕ್ ಕಿಂಗ್ ಹಾಸಿಗೆ ಹಿಡಿದ. ಆಗ ಕೆಲಸ, ಲೆಕ್ಕ, ಸಾಲ ಎಲ್ಲದಕ್ಕೂ ಹೆಗಲು ಕೊಟ್ಟು ನಿಂತವಳು ಹೆಂಡತಿ ಎಥೆಲ್. 1907ರ ಜೂನ್ 17ರಂದು ಟ್ರ್ಯಾಕ್ ಉದ್ಘಾಟನೆಯಾದಾಗ ಕಾರುಗಳ ಮೆರವಣಿಗೆಯ ಮುಂದೆ ತನ್ನ ಕಾರು ಓಡಿಸಿಕೊಂಡು ಹೋದವಳೂ ಅವಳೇ. ತಮಾಷೆಯೆಂದರೆ, ಅಲ್ಲಿ ರೇಸು ಶುರುವಾದಾಗ ಹೆಂಗಸರಿಗೆ ಪ್ರವೇಶವಿಲ್ಲ! ಕುದುರೆ ರೇಸಿನ ನಿಯಮಗಳನ್ನೇ ಎತ್ತಿಕೊಂಡು ಬಂದಿದ್ದರು. ಕಾರಿಗೆ ನಂಬರಿಲ್ಲ, ಓಡಿಸುವವನ ಅಂಗಿಯ ಬಣ್ಣ ನೋಡಿಯೇ ಗುರುತು ಹಿಡಿಯಬೇಕು. 1908ರಲ್ಲಿ ಹೆಂಗಸರಿಗೆಂದೇ ಒಂದು ರೇಸು ಇಟ್ಟರು. ಬಹುಮಾನ ಕೈಬಳೆ. ಮ್ಯೂರಿಯಲ್ ಥಾಂಪ್ಸನ್ ಗೆದ್ದಳು. ಆಮೇಲೆ ಮತ್ತೆ ಬಾಗಿಲು ಹಾಕಿದರು.

ಟ್ರ್ಯಾಕ್ ತೆರೆದ ಹನ್ನೊಂದೇ ದಿನಕ್ಕೆ ಸೆಲ್ವಿನ್ ಎಡ್ಜ್ ಎಂಬಾತ ನೇಪಿಯರ್ ಕಾರಿನಲ್ಲಿ ಒಬ್ಬನೇ ಇಪ್ಪತ್ತನಾಲ್ಕು ಗಂಟೆ ಸುತ್ತಿದ. ರಾತ್ರಿ ದಾರಿ ತಿಳಿಯಲೆಂದು ಕೆಂಪು ಲಾಟೀನುಗಳನ್ನು ಇಟ್ಟಿದ್ದರು. ಒಟ್ಟು 1,581 ಮೈಲಿ. ಸುತ್ತಲಿನ ಊರಿನವರಿಗೆ ನಿದ್ದೆಯಿಲ್ಲ. ಅವರು ಕೋರ್ಟಿಗೆ ಹೋದರು, ರಾತ್ರಿ ಓಟ ನಿಂತಿತು. ಹಾಗಾಗಿ ಮುಂದೆ ಇಪ್ಪತ್ತನಾಲ್ಕು ಗಂಟೆಯ ರೇಸು ನಡೆಸಬೇಕಾದಾಗ ಹಗಲು ಹನ್ನೆರಡು ಗಂಟೆ ಓಡಿಸಿ, ರಾತ್ರಿ ಕಾರುಗಳಿಗೆ ಬೀಗ ಹಾಕಿ, ಮರುದಿನ ಇನ್ನು ಹನ್ನೆರಡು ಗಂಟೆ ಓಡಿಸುತ್ತಿದ್ದರು. ಮಾವ ಇದಕ್ಕೆ ಜೋರಾಗಿ ನಕ್ಕರು. "ನಮ್ ನೈಟ್ ಹಾಲ್ಟ್ ಗಾಡಿ ಥರ!"

ನಗು ಒಂದು ಫೋಟೋದ ಮುಂದೆ ನಿಂತಿತು. ಪರ್ಸಿ ಲ್ಯಾಂಬರ್ಟ್. 1913ರ ಫೆಬ್ರವರಿ 15ರಂದು ಒಂದೇ ಗಂಟೆಯಲ್ಲಿ ನೂರು ಮೈಲಿ ದಾಟಿದ ಜಗತ್ತಿನ ಮೊದಲಿಗ. ಆ ದಾಖಲೆಯನ್ನು ಬೇರೆಯವರು ಮುರಿದರೆಂದು ಅದೇ ವರ್ಷ ಅಕ್ಟೋಬರ್ 31ರಂದು ಮತ್ತೆ ಟ್ರ್ಯಾಕಿಗಿಳಿದ. ಟೈರು ಸಿಡಿದು ಸತ್ತ. ಮಾವ ಆ ಫೋಟೋಗೆ ಕೈ ಮುಗಿದದ್ದನ್ನು ಪಕ್ಕದಲ್ಲಿದ್ದ ಬಿಳಿಯ ಮುದುಕರೊಬ್ಬರು ನೋಡಿ ತಮ್ಮ ಟೋಪಿ ತೆಗೆದರು.

ರಸ್ತೆ ಯಾಕೆ ಓರೆ ಎಂಬುದನ್ನು ಮಾವನಿಗೆ ನಾನು ವಿವರಿಸಬೇಕಾಗಲಿಲ್ಲ. ಅವರೇ ನನಗೆ ವಿವರಿಸಿದರು. ತಿರುವಿನಲ್ಲಿ ಗಾಡಿ ಹೊರಕ್ಕೆ ಎಳೆಯುತ್ತದೆ, ಅದಕ್ಕೇ ಘಾಟಿಯಲ್ಲೂ ಹೊರಗಡೆ ಎತ್ತರ, ಒಳಗಡೆ ತಗ್ಗು. ಜಾತ್ರೆಯಲ್ಲಿ ಹಲಗೆಯ ಬಾವಿಯೊಳಗೆ ಬೈಕು ಓಡಿಸುವವನು ಬೀಳದಿರುವುದೂ ಇದರಿಂದಲೇ. ಆದರೆ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಇನ್ನೊಂದು ಜಾಣತನವಿದೆ. ಇಳಿಜಾರು ಒಂದೇ ಸಮನಾಗಿಲ್ಲ. ಬಾಣಲೆಯ ಅಂಚಿನ ಹಾಗೆ ಕೆಳಗೆ ಹೆಚ್ಚುಕಡಿಮೆ ಚಪ್ಪಟೆ, ಮೇಲೇರಿದಷ್ಟೂ ಕಡಿದು. ನಿಧಾನದ ಕಾರು ಕೆಳಗೆ, ಜೋರಿನದು ಮೇಲೆ. ಟ್ರ್ಯಾಕಿನ ನಡುವೆ 'ಐವತ್ತು ಅಡಿಯ ಗೆರೆ' ಎಂಬ ಕಪ್ಪು ಗೆರೆಯಿತ್ತು. ಅದರ ಮೇಲೆ ಸರಿಯಾಗಿ ಹೋದರೆ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸುವುದೇ ಬೇಡ, ರಸ್ತೆಯೇ ಕಾರನ್ನು ತಿರುಗಿಸುತ್ತದೆ ಎಂಬುದು ಲೆಕ್ಕ.

"ಲೆಕ್ಕ ಸರಿ. ಆದ್ರೆ ಕಾಂಕ್ರೀಟು ಕುಸಿದಿಲ್ವಾ?" ಡ್ರೈವರನ ಪ್ರಶ್ನೆ. ಕುಸಿದಿತ್ತು. ಪ್ರತಿ ಚಳಿಗಾಲ ಮುಚ್ಚಿ ತೇಪೆ ಹಾಕುತ್ತಿದ್ದರು. ವೇ ನದಿಯ ಮೇಲಿನ ಸೇತುವೆಯ ಬಳಿ ಎಂಥ ಉಬ್ಬಿತ್ತೆಂದರೆ ಕಾರುಗಳು ಅಲ್ಲಿ ನೆಲ ಬಿಟ್ಟು ಹಾರುತ್ತಿದ್ದವು. ಜಾನ್ ಕಾಬ್ ಎಂಬಾತನ ನೇಪಿಯರ್-ರೈಲ್ಟನ್ ಕಾರು ಹಾಗೆ ಗಾಳಿಯಲ್ಲಿರುವ ಫೋಟೋ ಇದೆ. ವಿಮಾನದ 24 ಲೀಟರ್ ಎಂಜಿನ್ ಕೂರಿಸಿದ ಆ ಕಾರೂ ಮ್ಯೂಸಿಯಮ್ಮಿನಲ್ಲೇ ಇದೆ. ಮಾವ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, ಬಗ್ಗಿ ನೋಡಿ, "ಮುಂದಿನ ಚಕ್ರಕ್ಕೆ ಬ್ರೇಕೇ ಇಲ್ವಲ್ಲ!" ಎಂದು ಹೌಹಾರಿದರು. ನಿಜವಾಗಿಯೂ ಇಲ್ಲ. 1935ರ ಅಕ್ಟೋಬರ್ 7ರಂದು ಕಾಬ್ ಅದೇ ಕಾರಿನಲ್ಲಿ ಗಂಟೆಗೆ 143.44 ಮೈಲಿ, ಸುಮಾರು 230 ಕಿಲೋಮೀಟರ್ ವೇಗದಲ್ಲಿ ಒಂದು ಸುತ್ತು ಹಾಕಿದ. ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ, ಇನ್ನು ಮುರಿಯುವಂತೆಯೂ ಇಲ್ಲ.

ಯಾಕೆಂದರೆ ಟ್ರ್ಯಾಕೇ ಉಳಿಯಲಿಲ್ಲ. ಟ್ರ್ಯಾಕಿನ ನಡುವಿನ ಬಯಲಿನಲ್ಲಿ ಮೊದಲಿನಿಂದಲೂ ವಿಮಾನ ಹಾರಿಸುವವರಿದ್ದರು. ಅವರ ಹಿಂದೆ ಕಾರ್ಖಾನೆಗಳು ಬಂದವು. ಕಾಬ್ ದಾಖಲೆ ಮಾಡಿ ಒಂದು ತಿಂಗಳಾಗುವಷ್ಟರಲ್ಲಿ, ನವೆಂಬರ್ 6ರಂದು, ಹರಿಕೇನ್ ಯುದ್ಧವಿಮಾನ ಇಲ್ಲಿಂದಲೇ ಮೊದಲ ಸಲ ಹಾರಿತು. ಮುಂದೆ ನಮ್ಮ ಭಾರತೀಯ ವಾಯುಪಡೆಯವರು ಬರ್ಮಾ ಗಡಿಯಲ್ಲಿ ಹಾರಿಸಿದ್ದೂ ಹರಿಕೇನನ್ನೇ. 1939ರ ಆಗಸ್ಟ್ 7ರಂದು ಕೊನೆಯ ರೇಸು ನಡೆಯಿತು, ಮುಂದಿನ ತಿಂಗಳೇ ಯುದ್ಧ. 1940ರ ಸೆಪ್ಟೆಂಬರ್ 4ರಂದು ಜರ್ಮನ್ ವಿಮಾನಗಳು ವಿಕರ್ಸ್ ಕಾರ್ಖಾನೆಯ ಮೇಲೆ ಬಾಂಬು ಹಾಕಿ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಇಡೀ ಜಾಗ ಆ ವಿಕರ್ಸ್ ಕಂಪನಿಗೇ ಮಾರಾಟವಾಯಿತು. ಆಮೇಲೆ ವಿಮಾನಗಳು ಏರುವ ದಾರಿಗೆ ಅಡ್ಡವಾಗುತ್ತದೆಂದು ಒಂದು ಕಡೆಯ ಎತ್ತರವನ್ನು ಕಡಿದೇ ಹಾಕಿದರು. ಉಳಿದ ತುಂಡುಗಳಲ್ಲಿ ಒಂದರ ಮೇಲೆ ನಾವು ನಿಂತಿದ್ದೆವು.

ಮಾವ ಮೇಲೆ ಹತ್ತಲು ನೋಡಿದರು. ಅರ್ಧದವರೆಗೆ ನಡೆದರು, ಆಮೇಲೆ ಕೈ ಊರಬೇಕಾಯಿತು. ಅಲ್ಲಿಂದಲೇ ಕೂಗಿದರು: "ನಿಂತರೆ ಜಾರುತ್ತೆ ಕಣಮ್ಮ, ಓಡ್ತಾ ಇದ್ದರೇ ನಿಲ್ಲೋದು!"

ಹೊರಡುವ ಮುಂಚೆ ಇನ್ನೊಂದು ಹೆಸರು ಸಿಕ್ಕಿತು: ಕೇ ಪೆಟ್ರಿ. ಹೆಂಗಸರಿಗೆ ಮತ್ತೆ ಬಾಗಿಲು ತೆರೆದ ಮೇಲೆ ಬಂದವಳು. ಎತ್ತರ ನಾಲ್ಕು ಅಡಿ ಹತ್ತು ಇಂಚು. 1935ರಲ್ಲಿ 10.5 ಲೀಟರಿನ ದೈತ್ಯ ಡೆಲಾಜ್ ಕಾರಿನಲ್ಲಿ ಗಂಟೆಗೆ 134.75 ಮೈಲಿಯಲ್ಲಿ ಸುತ್ತಿದಳು. ಕಾಲು ಎಟುಕುವುದಿಲ್ಲವೆಂದು ಪೆಡಲುಗಳಿಗೆ ಮರದ ತುಂಡು ಕಟ್ಟಿಸಿಕೊಂಡಿದ್ದಳು. ಎರಡು ವರ್ಷದ ನಂತರ ಇದೇ ಟ್ರ್ಯಾಕಿನಲ್ಲಿ ಇನ್ನೊಬ್ಬರ ಕಾರು ಬಡಿದು ಸಾವಿನ ಬಾಗಿಲಿಗೆ ಹೋಗಿ ಬಂದಳು. ನಾನು ಕೇಪಿಗಿಂತ... ಅಲ್ಲ, ಕೇಗಿಂತ ಎರಡೇ ಇಂಚು ಎತ್ತರ. ಅದನ್ನು ಹೇಳಿ ನಕ್ಕೆ. ಮಾವ ನಗಲಿಲ್ಲ. ಮರದ ತುಂಡಿನ ವಿಷಯ ಇನ್ನೊಂದು ಸಲ ಹೇಳಿಸಿಕೊಂಡರು.

ವಾಪಸು ಬರುವಾಗ ಅವರ ಕಾಲು ಎಂದಿನಂತೆ ನಾಲ್ಕೈದು ಸಲ ನೆಲ ಒತ್ತಿತು. ನಾನೂ ಎಂದಿನಂತೆ ಬೆವರಿದೆ.

ಮರುದಿನ ಸಂಜೆ ಹಾಲು ತರಲೆಂದು ಕಾರಿನ ಬಾಗಿಲು ತೆಗೆದರೆ, ನನ್ನ ಸೀಟಿನ ಮೇಲೆ ನಾಲ್ಕು ಮಡಿಕೆ ಮಾಡಿದ ಕಂಬಳಿ. ಕದಲದಂತೆ ಕೆಳಗೆ ದಾರ ಬಿಗಿದಿತ್ತು. ಮಾವ ಹೊಸಿಲಲ್ಲಿ ನಿಂತಿದ್ದರು.

"ಕೂತು ನೋಡಮ್ಮ. ನಿಂಗೆ ಇರೋದು ಹೆದರಿಕೆ ಅಲ್ಲ. ಬಾನೆಟ್ ಆಚೆ ರೋಡೇ ಕಾಣ್ತಿಲ್ಲ. ಎರಡು ತಿಂಗಳಿಂದ ನೋಡ್ತಾ ಇದ್ದೆ, ಹೇಳಿದರೆ ಬೇಜಾರು ಮಾಡ್ಕೊಂಡೀಯ ಅಂತ ಸುಮ್ನಿದ್ದೆ."

ಕೂತೆ. ಎದುರುಮನೆಯ ಬೇಲಿಯ ಬುಡದಲ್ಲಿ ಹಳದಿ ಹೂ ಬಿಟ್ಟಿದ್ದು ಆ ಸೀಟಿನಿಂದ ನನಗೆ ಮೊದಲ ಸಲ ಕಂಡಿತು.