ಹೊಸೂರಿನ ನಮ್ಮ ಹಿತ್ತಲಿನ ಅತಿಥಿಗಳು

ಬೆಂಗಳೂರಿನಿಂದ ಹೊರಟು ಅತ್ತಿಬೆಲೆ ದಾಟಿದರೆ ತಮಿಳುನಾಡಿನ ಗಡಿ. ಅಲ್ಲಿಂದ ಸ್ವಲ್ಪ ದೂರದಲ್ಲೇ ನಮ್ಮ ಹೊಸೂರು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಹವೆ ಬೆಂಗಳೂರಿನಂತೆಯೇ ತಂಪು. ಗುಲಾಬಿ ತೋಟಗಳಿಗೂ ಕಾರ್ಖಾನೆಗಳಿಗೂ ಹೆಸರಾದ ಊರು. 2019ರಲ್ಲಿ ಇದು ಮಹಾನಗರ ಪಾಲಿಕೆಯೂ ಆಯಿತು. ಕೆಲಸ ಹುಡುಕಿ ಬರುವವರು ಹೆಚ್ಚಿದಂತೆ ಬಾಡಿಗೆ ಮನೆಗಳು ಎದ್ದವು, ಹಿತ್ತಲುಗಳು ಒಂದೊಂದಾಗಿ ಮಾಯವಾದವು. ನಮ್ಮ ಮನೆಯ ಹಿಂದೆ ಉಳಿದಿರುವುದು 20 ಅಡಿಗೆ 30 ಅಡಿ ಜಾಗ ಮಾತ್ರ. ಒಂದು ಸೀಬೆ ಮರ, ಒಂದು ನುಗ್ಗೆ, ಕರಿಬೇವಿನ ಒಂದು ಪೊದೆ, ಬಟ್ಟೆ ಒಗೆಯುವ ಕಲ್ಲು, ಇಷ್ಟೇ. ಈ ಪುಟ್ಟ ಜಾಗಕ್ಕೆ ಬಂದ ಅತಿಥಿಗಳ ಬಗ್ಗೆಯೂ ಅವರಿಂದ ನಾವು ಕಲಿತ ಪಾಠದ ಬಗ್ಗೆಯೂ ನಾಲ್ಕು ಮಾತು ಹಂಚಿಕೊಳ್ಳುವ ಆಸೆ ನಮ್ಮದು.

ಮೂರು ಭಾಷೆಯ ಹಕ್ಕಿಗಳು

ನಮ್ಮ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕೇಳಿಸುತ್ತವೆ. ನಮ್ಮ ಹಕ್ಕಿಗಳಿಗೂ ಮೂರು ಹೆಸರು. ನಮಗೆ ಗುಬ್ಬಚ್ಚಿಯಾದದ್ದು ಎದುರು ಮನೆಯವರಿಗೆ ಸಿಟ್ಟುಕ್ಕುರುವಿ, ಪಕ್ಕದ ಮನೆಯವರಿಗೆ ಪಿಚ್ಚುಕ. ನಮ್ಮ ಗೊರವಂಕ ಅವರ ಗೋರಿಂಕ. ಕಾಗೆಯಂತೂ ಎಲ್ಲರಿಗೂ ನೆಂಟ. ಎದುರು ಮನೆಯ ಪಾಟಿ ಬೆಳಿಗ್ಗೆ ಅನ್ನ ಬಸಿದ ಕೂಡಲೇ ಒಂದು ತುತ್ತನ್ನು ಗೋಡೆಯ ಮೇಲಿಟ್ಟು "ಕಾ ಕಾ" ಎಂದು ಕರೆಯುತ್ತಾರೆ. ಕಾಗೆ ತಿಂದ ಮೇಲೆಯೇ ಅವರ ಮನೆಯಲ್ಲಿ ಊಟ. ಹಿರಿಯರ ನೆನಪಿಗಾಗಿ ಮಾಡುವ ಈ ಪದ್ಧತಿಯನ್ನು ಕಂಡಾಗಲೆಲ್ಲ ನಮಗೆ ಪ್ರವಾದಿ ಎಲೀಯನ ನೆನಪಾಗುತ್ತದೆ. ಬರಗಾಲದಲ್ಲಿ ಹಳ್ಳದ ಬಳಿ ಅಡಗಿದ್ದ ಆ ಪ್ರವಾದಿಗೆ ರೊಟ್ಟಿಯನ್ನೂ ಮಾಂಸವನ್ನೂ ತಂದುಕೊಟ್ಟದ್ದು ಕಾಗೆಗಳೇ ಅಲ್ಲವೇ? ಇಲ್ಲಿ ಮನುಷ್ಯರು ಕಾಗೆಗೆ ಉಣಿಸುತ್ತಾರೆ, ಅಲ್ಲಿ ಕಾಗೆ ಮನುಷ್ಯನಿಗೆ ಉಣಿಸಿತು.

ನಾವು ಮಾಡಿದ ತಪ್ಪು

ನಾವು ಹಕ್ಕಿಗಳಿಗೆ ಕಾಳು ಹಾಕಲು ಆರಂಭಿಸಿದ್ದು 2020ರ ಮಾರ್ಚಿನಲ್ಲಿ. ಕೊರೋನಾದಿಂದಾಗಿ ಊರೆಲ್ಲ ಬಾಗಿಲು ಹಾಕಿತ್ತು. ಭಾನುವಾರದ ಪೂಜೆಯನ್ನೂ ಟಿ.ವಿ.ಯಲ್ಲಿ ನೋಡಬೇಕಾದ ದಿನಗಳು. ಲಾರಿಗಳ ಸದ್ದು ನಿಂತಾಗ, ಹಿತ್ತಲಲ್ಲಿ ಇಷ್ಟೊಂದು ದನಿಗಳಿವೆಯೇ ಎಂದು ನಮಗೇ ಆಶ್ಚರ್ಯವಾಯಿತು. ಮಕ್ಕಳು ಹಿಡಿ ಅಕ್ಕಿ ಎರಚಿದರು. ಎರಡು ಪಾರಿವಾಳ ಬಂದವು. ಮರುದಿನ ಆರು. ತಿಂಗಳು ಕಳೆಯುವಷ್ಟರಲ್ಲಿ ತಾರಸಿಯ ತುಂಬ ಪಾರಿವಾಳಗಳು. ನಾವು ಹಿಡಿಯಿಂದ ಸೇರಿಗೆ, ಸೇರಿನಿಂದ ಚೀಲಕ್ಕೆ ಬಂದೆವು. ಉಳಿದ ಚಿತ್ರಾನ್ನ, ಬಿಸ್ಕತ್ತು, ಖಾರದ ಮಿಕ್ಸ್ಚರ್ ಕೂಡ ಹಾಕುತ್ತಿದ್ದೆವು. ಫೋಟೋ ತೆಗೆದು ನೆಂಟರಿಗೆ ಕಳುಹಿಸಿ, ನಾವೇನೋ ದೊಡ್ಡ ಪುಣ್ಯ ಮಾಡುತ್ತಿದ್ದೇವೆಂದು ಹಿಗ್ಗುತ್ತಿದ್ದೆವು.

ಮರುವರ್ಷದ ಒಂದು ಸಂಜೆ ಪಕ್ಕದ ಮನೆಯ ಸೊಸೆ ಗೋಡೆಯ ಬಳಿ ಬಂದು ನಿಂತರು. "ಅಕ್ಕಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಮಾವನಿಗೆ ರಾತ್ರಿಯೆಲ್ಲ ಕೆಮ್ಮು. ಉಸಿರು ಎಳೆಯೋದಕ್ಕೇ ಆಗ್ತಿಲ್ಲ. ಡಾಕ್ಟರು ಪಾರಿವಾಳದಿಂದ ದೂರ ಇರಿ ಅಂದ್ರು" ಎಂದರು. ಆಗ ನಾವು ಮೊದಲ ಬಾರಿಗೆ ಅವರ ತಾರಸಿಯತ್ತ ಕಣ್ಣು ಹಾಯಿಸಿದೆವು. ನೀರಿನ ಟ್ಯಾಂಕಿನ ಸುತ್ತ, ಕಿಟಕಿಯ ಮೇಲೆ, ಬಟ್ಟೆ ಒಣಗಿಸುವ ತಂತಿಯ ಕೆಳಗೆ ಎಲ್ಲೆಲ್ಲೂ ಹಿಕ್ಕೆ. ಒಣಗಿದ ಹಿಕ್ಕೆಯ ಧೂಳನ್ನು ದಿನವೂ ಉಸಿರಾಡಿದರೆ ಕೆಲವರ ಶ್ವಾಸಕೋಶ ಅಲರ್ಜಿಯಿಂದ ಊದಿಕೊಳ್ಳುತ್ತದೆ. ಬಹುಕಾಲ ಹಾಗೆಯೇ ಬಿಟ್ಟರೆ ಆ ಹಾನಿ ಸರಿಹೋಗುವುದಿಲ್ಲ. ನಮ್ಮ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ, ನಾವು ಊರಿಗೆ ಹೋದಾಗ ನಮ್ಮ ಗಿಡಗಳಿಗೆ ನೀರು ಹಾಕಿದ ತಾತ ಅವರು. ನಮ್ಮ ಪುಣ್ಯದ ಬೆಲೆಯನ್ನು ಅವರ ಎದೆ ತೆರುತ್ತಿತ್ತು.

ಅಂದು ರಾತ್ರಿಯ ಜಪಮಾಲೆಯಲ್ಲಿ ನಮ್ಮ ಮನಸ್ಸು ನಿಲ್ಲಲಿಲ್ಲ. ಮರುದಿನವೇ ಕಾಳು ಹಾಕುವುದನ್ನು ನಿಲ್ಲಿಸಿ, ಅವರ ತಾರಸಿಯನ್ನು ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾವೇ ತೊಳೆದೆವು. ಪಾರಿವಾಳಗಳು ಎರಡು ವಾರ ಬಂದು ಕಾದು, ಆಮೇಲೆ ಚದುರಿದವು. ಒಂದೂ ಹಸಿವಿನಿಂದ ಸತ್ತದ್ದನ್ನು ನಾವು ಕಾಣಲಿಲ್ಲ. ತಾತನ ಕೆಮ್ಮು ಕಡಿಮೆಯಾಗಲು ತಿಂಗಳುಗಳೇ ಬೇಕಾದವು.

ಮೊದಲು ನೋಡಿ

ಹಿತ್ತಲು ಖಾಲಿಯಾಯಿತೆಂದು ಮಕ್ಕಳಿಗೆ ಬೇಸರ. ಆಗ ಮನೆಯ ಹಿರಿಯರೊಬ್ಬರು ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯವನ್ನು ತೆರೆದು ತೋರಿಸಿದರು. ಅಲ್ಲಿ ಪ್ರಭು ಯೇಸು ಆಕಾಶದ ಹಕ್ಕಿಗಳ ಮಾತೆತ್ತಿದಾಗ ಹೇಳುವ ಮೊದಲ ಕೆಲಸ, ಅವುಗಳನ್ನು ನೋಡುವುದು. ಉಣಿಸುವವನು ಸ್ವರ್ಗದಲ್ಲಿರುವ ತಂದೆ. ಇಷ್ಟು ಕಾಲ ನಾವು ನೋಡದೆಯೇ ಉಣಿಸಿದ್ದೆವು. ಇನ್ನು ಉಣಿಸುವ ಮೊದಲು ನೋಡೋಣ ಎಂದುಕೊಂಡು, ಒಂದು ನೋಟ್ ಪುಸ್ತಕ ಹಿಡಿದು ಬೆಳಿಗ್ಗೆ ಹದಿನೈದು ನಿಮಿಷ ಒಗೆಯುವ ಕಲ್ಲಿನ ಮೇಲೆ ಕುಳಿತೆವು.

ಆಗ ತಂದೆಯ ಅಡುಗೆಮನೆ ಎಲ್ಲಿದೆಯೆಂದು ತಿಳಿಯತೊಡಗಿತು. ನುಗ್ಗೆ ಹೂ ಬಿಟ್ಟಾಗ ಸೂರಕ್ಕಿಗಳು ಬಂದು ಕೊಂಕು ಕೊಕ್ಕಿನಿಂದ ಮಕರಂದ ಹೀರಿದವು. ಕರಿಬೇವಿನ ಕಪ್ಪು ಹಣ್ಣಿಗೆ ಪಿಕಳಾರಗಳೂ ಕೋಗಿಲೆಗಳೂ ಬಂದವು. ಮಡಿವಾಳ ಹಕ್ಕಿ ಪಾತ್ರೆ ತೊಳೆದ ನೀರು ಹರಿಯುವ ಕಡೆ ಹುಳ ಹೆಕ್ಕಿತು. ಸದಾ ಕಾಳು ತಿನ್ನುವುದೆಂದು ನಾವು ತಿಳಿದಿದ್ದ ಗುಬ್ಬಚ್ಚಿ ಕೂಡ ಮರಿಗಳ ಬಾಯಿಗೆ ಕೊಡುತ್ತಿದ್ದದ್ದು ಕಾಳನ್ನಲ್ಲ, ಹಸಿರು ಹುಳುಗಳನ್ನು. ಕರಿಬೇವಿನ ಒಳಗಿಂದ ಚಳಿಗಾಲವಿಡೀ "ಚಕ್ ಚಕ್" ಎನ್ನುತ್ತಿದ್ದ ಕಂದು ಬಣ್ಣದ ಒಂದು ಉಲಿಯಕ್ಕಿ ನಮ್ಮನ್ನು ಬಹಳ ದಿನ ಕಾಡಿತು. ತೂಕ ಸುಮಾರು ಹನ್ನೆರಡು ಗ್ರಾಮ್, ಎರಡು ಮೂರು ನಾಣ್ಯಗಳಷ್ಟು. ರಷ್ಯಾ, ಮಧ್ಯ ಏಷ್ಯಾ ಕಡೆ ಮರಿ ಮಾಡಿ, ಚಳಿಗಾಲಕ್ಕೆ ಭಾರತಕ್ಕೆ ಬರುವ ಜಾತಿ ಅದು. ಅಷ್ಟು ದೂರದಿಂದ ಬಂದದ್ದು ನಮ್ಮ ಒಗ್ಗರಣೆ ಸೊಪ್ಪಿನ ಗಿಡಕ್ಕೆ!

ತರಗೆಲೆಯ ಮೇಲೆ ನವರಂಗ

2022ರ ಹೊತ್ತಿಗೆ ಹಿತ್ತಲಲ್ಲಿ ಎರಡು ಬಾಡಿಗೆ ಕೋಣೆ ಕಟ್ಟಿಸಲು ಮೇಸ್ತ್ರಿಯ ಜೊತೆ ಮಾತಾಗಿತ್ತು. ಮಗನ ಕಾಲೇಜು ಫೀಸು ಕಣ್ಣ ಮುಂದಿತ್ತು. ಹೇಗೂ ಕೆಡವುವ ಜಾಗವೆಂದು ಸೀಬೆ ಮರದಡಿಯ ತರಗೆಲೆಯನ್ನು ಗುಡಿಸುವುದನ್ನೂ ಬಿಟ್ಟಿದ್ದೆವು. ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಆ ಎಲೆಗಳ ನಡುವೆ ಗೊರವಂಕಕ್ಕಿಂತ ಚಿಕ್ಕದಾದ, ಮೊಂಡು ಬಾಲದ ಹಕ್ಕಿಯೊಂದು ಕುಪ್ಪಳಿಸುತ್ತಿತ್ತು. ಬೆನ್ನು ಹಸಿರು, ಹೊಟ್ಟೆ ತಿಳಿ ಕಂದು, ಬಾಲದ ಬುಡದಲ್ಲಿ ಕೆಂಪು, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಕಣ್ಣಿಗೆ ಕಪ್ಪು ಪಟ್ಟಿ. ಅದೇ ನವರಂಗ! ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ ಗೂಡು ಕಟ್ಟಿ, ಚಳಿಗಾಲಕ್ಕೆ ದಕ್ಷಿಣಕ್ಕೆ ರಾತ್ರಿ ಹಾರಿ ಬರುವ ಹಕ್ಕಿ. ದಾರಿಯಲ್ಲಿ ದಣಿದು ಊರೊಳಗಿನ ತೋಟಗಳಲ್ಲಿ ಇಳಿಯುವುದುಂಟು. ಎದುರು ಮನೆಯ ಪಾಟಿ ನೋಡಿ, "ಆರುಮಣಿ ಕುರುವಿ!" ಎಂದು ಕೆನ್ನೆಗೆ ಕೈ ಹಚ್ಚಿದರು. ಬೆಳಿಗ್ಗೆ, ಸಂಜೆ ಆರರ ಹೊತ್ತಿಗೆ ಕೂಗುವುದರಿಂದ ತಮಿಳಿನಲ್ಲಿ ಅದಕ್ಕೆ ಆ ಹೆಸರು.

ಮೂರು ದಿನ ಅದು ಎಲೆ ಮಗುಚಿ ಮಗುಚಿ ಹುಳ ತಿಂದಿತು. ನಾಲ್ಕನೆಯ ದಿನ ಇರಲಿಲ್ಲ. ನಾವು ಚೀಲಗಟ್ಟಲೆ ಸುರಿದ ಅಕ್ಕಿಗೆ ಬಾರದ ಅತಿಥಿ, ನಾವು ಗುಡಿಸದೆ ಬಿಟ್ಟ ಕಸಕ್ಕೆ ಬಂದಿತ್ತು. ಮನೆಯಲ್ಲಿ ಬಹಳ ಚರ್ಚೆಯಾಯಿತು. ಕೊನೆಗೆ ಹಿತ್ತಲನ್ನು ಬಿಟ್ಟು ಮೇಲಂತಸ್ತಿನಲ್ಲಿ ಒಂದೇ ಕೋಣೆ ಕಟ್ಟಿದೆವು. ಬಾಡಿಗೆ ಅರ್ಧವಾಯಿತು. ಫೀಸಿಗೆ ಸಾಲ ಮಾಡಿದೆವು. ಅದನ್ನು ಇನ್ನೂ ತೀರಿಸುತ್ತಿದ್ದೇವೆ. ಆದರೆ ಆ ತೀರ್ಮಾನಕ್ಕೆ ಮನೆಯಲ್ಲಿ ಯಾರೂ ಪಶ್ಚಾತ್ತಾಪ ಪಟ್ಟಿಲ್ಲ.

ಕೃಷ್ಣಗಿರಿಯ ಮಾವಿನ ನೆರಳಿನಲ್ಲಿ

ಹೊಸೂರಿನಿಂದ ಶೂಲಗಿರಿಯ ಮೇಲೆ ಸುಮಾರು 50 ಕಿಲೋಮೀಟರ್ ಇಳಿದರೆ ಕೃಷ್ಣಗಿರಿ. 2004ರಲ್ಲಿ ಧರ್ಮಪುರಿಯಿಂದ ಬೇರೆಯಾಗಿ ಜಿಲ್ಲೆಯಾದ ಈ ನಾಡು ಮಾವಿಗೆ ಪ್ರಸಿದ್ಧ. ಅಲ್ಲಿನ ನಮ್ಮ ನೆಂಟರ ತೋಟದ ಮನೆಯಲ್ಲಿ ಹಿತ್ತಲಿಗೆ ಬೇಲಿಯೇ ಇಲ್ಲ. ಬಿಸಿಲು ಹೆಚ್ಚು, ಹಕ್ಕಿಗಳೂ ಬೇರೆ. ಕುಟ್ರಹಕ್ಕಿ ಮಧ್ಯಾಹ್ನವೆಲ್ಲ ಕುಟುರ್ ಕುಟುರ್ ಎನ್ನುತ್ತದೆ, ಸಂಜೆ ತಂತಿಯ ಮೇಲೆ ನೀಲಕಂಠ ಕೂರುತ್ತದೆ, ಪೊಟರೆಯಿಂದ ಹಾಲಕ್ಕಿ ಇಣುಕುತ್ತದೆ.

ಅಲ್ಲಿ ಹಕ್ಕಿಯೆಂದರೆ ಬರಿಯ ಸಂತೋಷವಲ್ಲ. ಗಿಣಿ ಕಚ್ಚಿದ ಕಾಯಿಗೆ ಬೆಲೆ ಇಲ್ಲ. ನವಿಲುಗಳ ಹಿಂಡು ನೆಲಗಡಲೆ ಮೊಳಕೆಯನ್ನು ಕೆದಕುತ್ತದೆ. "ನಿಮಗೇನು, ಹಿಡಿ ಕಾಳು ಹಾಕಿ ಫೋಟೋ ತೆಗೀತೀರಿ. ನಾವು ಹೊಲವನ್ನೇ ಹಾಕ್ತೀವಿ" ಎಂದು ನೆಂಟರು ನಕ್ಕರು. ಆ ನಗೆಯಲ್ಲಿ ನಿಜವಿತ್ತು. ಹಾಗಿದ್ದರೂ ತೆನೆ ಬಂದಾಗ ಒಂದು ಗೊಂಚಲನ್ನು ಸೂರಿಗೆ ಗುಬ್ಬಿಗಳಿಗೆಂದೇ ಕಟ್ಟುವ ರೂಢಿಯನ್ನು ಆ ಮನೆಯವರು ಬಿಟ್ಟಿಲ್ಲ.

ಎಣಿಸುವುದೂ ಒಂದು ಸೇವೆ

ತಮಿಳುನಾಡಿನಲ್ಲಿ ಜನವರಿಯಲ್ಲಿ ಪೊಂಗಲ್ ರಜೆಯ ದಿನಗಳಲ್ಲಿ ಪಕ್ಷಿ ಗಣತಿ ನಡೆಯುತ್ತದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಗಣತಿ. ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ಈ ಗಣತಿಗೆ ಭಾರತ ಸೇರಿದ್ದು 2013ರಲ್ಲಿ. ಹದಿನೈದು ನಿಮಿಷ ಒಂದೆಡೆ ನಿಂತು, ಕಂಡ ಹಕ್ಕಿಗಳನ್ನು ಎಣಿಸಿ ಬರೆದು ಕಳುಹಿಸಿದರೆ ಸಾಕು. ಮಕ್ಕಳೂ ಮಾಡಬಹುದು. ಇಂಥ ಸಾವಿರಾರು ಜನರ ಲೆಕ್ಕವನ್ನು ಸೇರಿಸಿ 2023ರಲ್ಲಿ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿ ಹೊರಬಂತು. ದೀರ್ಘಕಾಲದ ಏರಿಳಿತವನ್ನು ಅಳೆಯಲು ಸಾಧ್ಯವಾದ 338 ಬಗೆಯ ಹಕ್ಕಿಗಳಲ್ಲಿ 204 ಇಳಿಮುಖವಾಗಿದ್ದವು, 98 ಸ್ಥಿರವಾಗಿದ್ದವು, 36 ಮಾತ್ರ ಹೆಚ್ಚಿದ್ದವು. ಹೆಚ್ಚಿದವುಗಳಲ್ಲಿ ನವಿಲು, ಕೋಗಿಲೆ, ಪಾರಿವಾಳ ಸೇರಿವೆ. ನಾವು ಚೀಲಗಟ್ಟಲೆ ಅಕ್ಕಿ ಸುರಿದದ್ದು ನಮ್ಮ ಸಹಾಯವೇ ಬೇಕಿಲ್ಲದ ಹಕ್ಕಿಗೆ!

ಒಂದು ಪೊಂಗಲ್ ಮರುದಿನ ನಾವು ದಕ್ಷಿಣ ಪಿನಾಕಿನಿಯ ಕೆಲವರಪಲ್ಲಿ ಅಣೆಕಟ್ಟಿಗೆ ಹೋದೆವು. ನೀರುಕಾಗೆ, ಬೆಳ್ಳಕ್ಕಿ, ಗುಳುಮುಳುಕಗಳನ್ನು ಮಕ್ಕಳು ಎಣಿಸಿದರು. ಮೇಲಿನಿಂದ ಹರಿದುಬರುವ ಕೊಳಕು ನೀರಿನಿಂದ ಇಲ್ಲಿ ಆಗಾಗ ಬೆಟ್ಟದಂತೆ ನೊರೆ ಏಳುತ್ತದೆ. ಅದೇ ನೀರನ್ನು ರೈತರೂ ಹೊಲಕ್ಕೆ ಬಿಡುತ್ತಾರೆ. ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಒಟ್ಟಿಗೆ ಆಲಿಸಬೇಕೆಂದು ಕೇಳಿಕೊಂಡದ್ದು ಇಂಥ ಕಡೆ ನಿಂತಾಗ ಅರ್ಥವಾಗುತ್ತದೆ. ಪಕ್ಕದ ಮನೆಯ ತಾತನ ಕೆಮ್ಮಿನಲ್ಲೂ ನಮಗೆ ಅದೇ ಪಾಠವಿತ್ತು. ನೆರೆಯವರನ್ನು ಮರೆತು ಹಕ್ಕಿಯನ್ನು ಪ್ರೀತಿಸಲಾಗದು.

ಕೊಸರಿನ ಗುಬ್ಬಚ್ಚಿ

ಮತ್ತಾಯನ ಶುಭಸಂದೇಶದಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನ ಶುಭಸಂದೇಶದಲ್ಲಿ ಎರಡು ಕಾಸಿಗೆ ಐದು. ಲೆಕ್ಕ ಹಾಕಿದರೆ ನಾಲ್ಕೇ ಬರಬೇಕು. ಐದನೆಯದು ನಮ್ಮ ಸಂತೆಯ ಭಾಷೆಯಲ್ಲಿ ಕೊಸರು. ಬೆಲೆಯೇ ಇಲ್ಲದ ಆ ಕೊಸರಿನ ಗುಬ್ಬಿಯನ್ನೂ ದೇವರು ಮರೆಯುವುದಿಲ್ಲವೆಂದು ಪ್ರಭು ಭರವಸೆ ಕೊಡುತ್ತಾರೆ.

1226ರಲ್ಲಿ ನಿಧನರಾದ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಜಗದ್ಗುರು ಎರಡನೆಯ ಜಾನ್ ಪಾಲ್‌ರವರು 1979ರಲ್ಲಿ ಪರಿಸರದ ಪಾಲಕ ಸಂತರೆಂದು ಘೋಷಿಸಿದರು. ಅವರು ಹಕ್ಕಿಗಳಿಗೆ ಉಪದೇಶ ಮಾಡಿದ ಕಥೆ ಎಲ್ಲರಿಗೂ ಗೊತ್ತು. ಅವರ ಇನ್ನೊಂದು ಆಸೆ ಅಷ್ಟು ಪ್ರಸಿದ್ಧವಲ್ಲ. ಕ್ರಿಸ್ತಜಯಂತಿಯ ದಿನ ಹಕ್ಕಿಗಳಿಗಾಗಿ ದಾರಿಗಳಲ್ಲಿ ಕಾಳು ಚೆಲ್ಲಬೇಕು, ಅದಕ್ಕೊಂದು ಕಾನೂನನ್ನೇ ಮಾಡುವಂತೆ ಚಕ್ರವರ್ತಿಯನ್ನು ಕೇಳಿಕೊಳ್ಳಬೇಕು ಎಂದು ಅವರು ಹೇಳಿದ್ದರಂತೆ. ಅದೇ ದಿನ ಶ್ರೀಮಂತರು ಬಡವರಿಗೆ ಹೊಟ್ಟೆತುಂಬ ಉಣಿಸಬೇಕೆಂಬುದೂ ಅವರ ಆಸೆಯಾಗಿತ್ತು.

ನಾವು ಈಗಲೂ ಉಣಿಸುತ್ತೇವೆ, ಆದರೆ ನೋಡಿಕೊಂಡು. ಬೆಳಿಗ್ಗೆ ಒಂದೇ ಹಿಡಿ ಸಾವೆ ಅಥವಾ ನವಣೆ, ಅದೂ ಅರ್ಧ ಗಂಟೆ ಮಾತ್ರ. ಉಳಿದರೆ ಎತ್ತಿಡುತ್ತೇವೆ, ಪಾರಿವಾಳ ಗುಂಪುಗೂಡಿದರೆ ನಿಲ್ಲಿಸುತ್ತೇವೆ. ಉಪ್ಪು, ಖಾರ, ಎಣ್ಣೆಯ ತಿಂಡಿ ಹಾಕುವುದಿಲ್ಲ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ಆಳ ನೀರು, ಕೂರಲು ಒಂದು ಕಲ್ಲು. ಸೊಳ್ಳೆ ಮೊಟ್ಟೆ ಇಡದಂತೆ ದಿನವೂ ತಟ್ಟೆ ಉಜ್ಜಿ ನೀರು ಬದಲಿಸುತ್ತೇವೆ. ಬೆಕ್ಕು ಹೊಂಚುಹಾಕದಂತೆ ಅದನ್ನು ಎತ್ತರದಲ್ಲಿ ಇಟ್ಟಿದ್ದೇವೆ. ಒಂದು ಮೂಲೆಯ ತರಗೆಲೆಯನ್ನು ಗುಡಿಸುವುದಿಲ್ಲ. ಹಿತ್ತಲಿಲ್ಲದ ಮನೆಯವರು ಕಿಟಕಿಯಲ್ಲಿ ನೀರಿನ ತಟ್ಟೆಯನ್ನಾದರೂ ಇಡಬಹುದು.

ಪ್ರತಿ ಅಕ್ಟೋಬರಿನಲ್ಲಿ ನಾವು ಆ ಮೂಲೆಯನ್ನು ನೋಡುತ್ತಿರುತ್ತೇವೆ. ನವರಂಗ ಮತ್ತೆ ಬಂದಿಲ್ಲ. ಪಕ್ಕದ ಮನೆಯ ತಾತ ಮಾತ್ರ ಈಗ ಸಂಜೆ ಗೋಡೆಯಾಚೆ ಕುರ್ಚಿ ಹಾಕಿಕೊಂಡು, "ಇವತ್ತು ಎಷ್ಟು ಬಂದವು?" ಎಂದು ಮಕ್ಕಳನ್ನು ಕೇಳುತ್ತಾರೆ. ಮಕ್ಕಳು ನೋಟ್ ಪುಸ್ತಕ ತೆರೆದು ಲೆಕ್ಕ ಒಪ್ಪಿಸುತ್ತಾರೆ.